ವರ್ಷಕ್ಕೊಮ್ಮೆ ಬರಿದಾಗುವ ಸಂಘ: ಅಮೆರಿಕದ ಕಾಲೇಜು ಗೌರವ ಸಂಘಗಳಲ್ಲಿ ಅಧಿಕಾರ ಹಸ್ತಾಂತರದ ಇತಿಹಾಸ

ಅಮೆರಿಕದ ಕಾಲೇಜುಗಳಲ್ಲಿ ಗೌರವ ಸಂಘವೆಂದು ಕರೆಯುವ ಸಂಸ್ಥೆಗೆ ಕರ್ನಾಟಕದ ಕಾಲೇಜು ಜೀವನದಲ್ಲಿ ಸರಿಸಾಟಿಯಾದುದು ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ಓದಿನಲ್ಲಿ ಮುಂದಿರುವವರಿಗೆ ವಿಶ್ವವಿದ್ಯಾಲಯವೇ ರ‍್ಯಾಂಕು ಘೋಷಿಸಿ, ಘಟಿಕೋತ್ಸವದ ದಿನ ಚಿನ್ನದ ಪದಕ ಕೊಟ್ಟು ಕಳುಹಿಸುತ್ತದೆ. ಅಲ್ಲಿಯಾದರೋ ಅಂಥವರನ್ನು ಮೊದಲೇ ಸದಸ್ಯರಾಗಿರುವವರು ಆರಿಸಿ, ದೀಕ್ಷೆಯ ವಿಧಿಯೊಂದನ್ನು ನಡೆಸಿ, ಸಾಮಾನ್ಯವಾಗಿ ಗ್ರೀಕ್ ಅಕ್ಷರಗಳ ಹೆಸರುಳ್ಳ ಸಂಘವೊಂದಕ್ಕೆ ಸೇರಿಸಿಕೊಳ್ಳುತ್ತಾರೆ. ಒಂದು ಕಾಲೇಜಿನಲ್ಲಿರುವ ಅಂಥ ಸಂಘದ ಘಟಕಕ್ಕೆ ಶಾಖೆಯೆಂದು ಹೆಸರು. ಶಾಖೆಗೆ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಪದಾಧಿಕಾರಿಗಳಿರುತ್ತಾರೆ, ಅನೇಕ ಕಡೆ ಸಂಘದ ದಾಖಲೆಯನ್ನು ಬರೆದಿಡುವ ಇತಿಹಾಸಕಾರ ಎಂಬ ಇನ್ನೊಂದು ಹುದ್ದೆಯೂ ಇರುತ್ತದೆ. ಊರಿನ ಸಹಕಾರ ಸಂಘದ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಊರಿನಲ್ಲಿಯೇ ಉಳಿದಿರುತ್ತಾನಾದ್ದರಿಂದ ಹಳೆಯ ಲೆಕ್ಕವನ್ನು ಅವನ ಜಗಲಿಯ ಮೇಲೆ ಕುಳಿತು ಕೇಳಬಹುದು. ಗೌರವ ಸಂಘದ ಅಧ್ಯಕ್ಷನಾದರೆ ಪದವಿ ಪಡೆದ ವಾರವೇ ಊರು ಬಿಡುತ್ತಾನೆ. ಓದಿನ ಕೊನೆಯ ಹಂತದಲ್ಲಿರುವವರನ್ನೇ ಹೆಚ್ಚಾಗಿ ಆರಿಸಿಕೊಳ್ಳುವ ಸಂಘವು ತನ್ನ ಅನುಭವಸ್ಥರನ್ನು ಪ್ರತಿ ವರ್ಷವೂ ಒಟ್ಟಿಗೆ ಕಳೆದುಕೊಳ್ಳುವಂತೆ ರಚನೆಗೊಂಡಿದೆ. ಈ ಸಂಘಗಳ ಎರಡೂವರೆ ಶತಮಾನದ ಚರಿತ್ರೆಯನ್ನು ಈ ಒಂದು ತೊಂದರೆಗೆ ಹುಡುಕಿದ ಪರಿಹಾರಗಳ ಚರಿತ್ರೆಯಾಗಿ ಓದಬಹುದು. ಹಾಗೆ ಓದಿದಾಗ, ಸಂಘ ಉಳಿಯಬೇಕೆಂದು ಕೈಗೊಂಡ ಬಹುಪಾಲು ಪರಿಹಾರಗಳು ಅಧಿಕಾರವನ್ನು ವಿದ್ಯಾರ್ಥಿಗಳ ಕೈಯಿಂದ ಸ್ವಲ್ಪ ಸ್ವಲ್ಪವಾಗಿ ತಪ್ಪಿಸಿದವೆಂಬುದೂ ಕಾಣುತ್ತದೆ.

ಮೊದಲನೆಯದಾದ ಫೈ ಬೀಟಾ ಕಪ್ಪ ಸಂಘವು 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಪಟ್ಟಣದ ವಿಲಿಯಂ ಅಂಡ್ ಮೇರಿ ಕಾಲೇಜಿನ ಐವರು ವಿದ್ಯಾರ್ಥಿಗಳಿಂದ ಆರಂಭವಾಯಿತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾಗಿ ಆಗ ಐದು ತಿಂಗಳು ಕಳೆದಿತ್ತು. ಜಾನ್ ಹೀತ್ ಅದರ ಮೊದಲ ಅಧ್ಯಕ್ಷ. ಪ್ರಬಂಧ ಓದುವುದು, ವಾದವಿವಾದ ನಡೆಸುವುದು, ನಡೆದುದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡುವುದು, ಒಳಗಿನ ಮಾತನ್ನು ಹೊರಗೆ ಆಡುವುದಿಲ್ಲವೆಂದು ಪ್ರಮಾಣ ಮಾಡುವುದು ಇವು ಅದರ ಕಲಾಪಗಳಾಗಿದ್ದವು. ಅದೇ ಕಾಲೇಜಿನಲ್ಲಿ ಅದಕ್ಕೂ ಮೊದಲು, 1750ರಲ್ಲಿ, ಎಫ್. ಎಚ್. ಸಿ. ಎಂಬ ಗುಪ್ತ ಸಂಘವೊಂದು ಹುಟ್ಟಿತ್ತು. ಥಾಮಸ್ ಜೆಫರ್ಸನ್ ಅದರ ಸದಸ್ಯನಾಗಿದ್ದು, ಅದರಿಂದ ಉಪಯುಕ್ತವಾದ ಉದ್ದೇಶವೇನೂ ನೆರವೇರುತ್ತಿರಲಿಲ್ಲವೆಂದು ಮುಪ್ಪಿನಲ್ಲಿ ಬರೆದ ಪತ್ರವೊಂದರಲ್ಲಿ ನೆನೆದನು. ಆ ಸಂಘ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಅಳಿದುಹೋಯಿತು. ಫೈ ಬೀಟಾ ಕಪ್ಪಕ್ಕೂ ಅದೇ ಗತಿಯಾಗಬಹುದಾಗಿತ್ತು, ಏಕೆಂದರೆ ಸದಸ್ಯರು ಒಬ್ಬೊಬ್ಬರಾಗಿ ಓದು ಮುಗಿಸಿಯೋ ಸೈನ್ಯಕ್ಕೆ ಸೇರಿಯೋ ಹೊರಟುಹೋಗುತ್ತಿದ್ದರು; ನಾಲ್ಕು ವರ್ಷಗಳಲ್ಲಿ ಸೇರಿದವರ ಸಂಖ್ಯೆ ಒಟ್ಟು 50 ಮಾತ್ರ. ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶನಾದ ಜಾನ್ ಮಾರ್ಷಲ್ ಹಾಗೂ ಅದೇ ನ್ಯಾಯಾಲಯದ ನ್ಯಾಯಾಧೀಶನಾದ ಬುಶ್ರಾಡ್ ವಾಷಿಂಗ್ಟನ್ ಆ ಐವತ್ತು ಜನರಲ್ಲಿದ್ದರು.

ಹೀತನ ಬಳಿಕ ಅಧ್ಯಕ್ಷನಾದ ವಿಲಿಯಂ ಶಾರ್ಟ್ ಆಗ ಇಪ್ಪತ್ತರ ಆಸುಪಾಸಿನ ತರುಣ; ಮುಂದೆ ಪ್ಯಾರಿಸ್ಸಿನಲ್ಲಿ ಜೆಫರ್ಸನ್ನನ ಕಾರ್ಯದರ್ಶಿಯಾಗಿ, ರಾಯಭಾರಿ ಕೆಲಸದಲ್ಲಿ ಹೆಸರಾದವನು. ಅವನ ಅವಧಿಯಲ್ಲಿ ಸಂಘ ಎರಡು ಕೆಲಸಗಳನ್ನು ಮಾಡಿತು, ಎರಡೂ ಉಳಿವಿನ ದೃಷ್ಟಿಯಿಂದ ಗಮನಾರ್ಹವಾದವು. ಮೊದಲನೆಯದು, ಹಾರ್ವರ್ಡಿನಲ್ಲಿ ಪದವಿ ಪಡೆದು ದಕ್ಷಿಣಕ್ಕೆ ಬಂದಿದ್ದ ಎಲಿಶಾ ಪಾರ್ಮಿಲಿ ಎಂಬವನನ್ನು ಸದಸ್ಯನನ್ನಾಗಿಸಿಕೊಂಡು, 1779ರ ಡಿಸೆಂಬರಿನಲ್ಲಿ ಅವನ ಕೈಯಲ್ಲಿ ಹಾರ್ವರ್ಡಿಗೆ ಒಂದು, ಯೇಲ್ ಕಾಲೇಜಿಗೆ ಒಂದು ಸನ್ನದನ್ನು ಕೊಟ್ಟದ್ದು. ಸನ್ನದು ಎಂದರೆ ಇನ್ನೊಂದೆಡೆ ಶಾಖೆಯನ್ನು ತೆರೆದು, ಅಲ್ಲಿ ಸದಸ್ಯರನ್ನು ಆರಿಸಿಕೊಳ್ಳಲು ಅಧಿಕಾರ ಕೊಡುವ ಬರಹ. ಎರಡನೆಯದು 1781ರ ಜನವರಿಯ ಮೊದಲ ವಾರದ್ದು. ಬ್ರಿಟಿಷರ ಪಕ್ಷಕ್ಕೆ ಹೋಗಿದ್ದ ಬೆನೆಡಿಕ್ಟ್ ಆರ್ನಲ್ಡನ ದಂಡು ವರ್ಜೀನಿಯಾದ ಒಳನಾಡಿಗೆ ನುಗ್ಗುತ್ತಿದ್ದಾಗ, ಉಳಿದಿದ್ದ ಕೆಲವೇ ಸದಸ್ಯರು ಸೇರಿ, ಸಂಘದ ಕಾಗದಪತ್ರಗಳಿಗೆ ಮೊಹರು ಹಾಕಿ, ಸಂಘವು ಮುಂದೊಂದು ದಿನ ಮತ್ತೆ ಏಳುವುದೆಂಬ ನಂಬಿಕೆಯನ್ನು ನಡಾವಳಿಯಲ್ಲಿ ದಾಖಲಿಸಿ, ಅವನ್ನು ಕಾಲೇಜಿನ ಉಗ್ರಾಣದ ಮೇಲ್ವಿಚಾರಕನಿಗೆ ಒಪ್ಪಿಸಿದರು. ಅಧಿಕಾರವನ್ನು ವಹಿಸಿಕೊಳ್ಳಲು ಮುಂದಿನ ತಂಡವೇ ಇಲ್ಲದಿದ್ದಾಗ ದಫ್ತರವನ್ನು ಸಂಘದ ಸದಸ್ಯನೂ ಅಲ್ಲದ, ಆದರೆ ಕಾಲೇಜಿನಲ್ಲಿ ಸ್ಥಿರವಾಗಿ ಉಳಿಯುವ ನೌಕರನೊಬ್ಬನಿಗೆ ಬಿಟ್ಟುಹೋದ ಈ ಕ್ರಮವೇ ಗೌರವ ಸಂಘಗಳ ಚರಿತ್ರೆಯಲ್ಲಿ ಮೊದಲ ವಿಧ್ಯುಕ್ತ ಹಸ್ತಾಂತರವೆನ್ನಬಹುದು. ವಿಲಿಯಮ್ಸ್‌ಬರ್ಗಿನ ಶಾಖೆ ಹತ್ತೊಂಬತ್ತನೆಯ ಶತಮಾನದ ನಡುವೆ ಒಮ್ಮೆ ಎಚ್ಚೆತ್ತು, ಅಂತರ್ಯುದ್ಧದಿಂದಾಗಿ ಮತ್ತೆ ನಿಂತು, 1893ರಲ್ಲಷ್ಟೇ ಸ್ಥಿರವಾಗಿ ನೆಲೆಗೊಂಡಿತು. ಸಂಘವನ್ನು ಆ ಮಧ್ಯಕಾಲದಲ್ಲಿ ಉಳಿಸಿದ್ದು ಪಾರ್ಮಿಲಿ ಒಯ್ದಿದ್ದ ಸನ್ನದುಗಳು: ಯೇಲಿನ ಶಾಖೆ 1780ರಲ್ಲಿಯೂ ಹಾರ್ವರ್ಡಿನ ಶಾಖೆ 1781ರಲ್ಲಿಯೂ ಕೆಲಸ ಆರಂಭಿಸಿ, 1787ರಲ್ಲಿ ಅವೆರಡೂ ಕೂಡಿ ಡಾರ್ಟ್‌ಮತ್ ಕಾಲೇಜಿಗೆ ಶಾಖೆಯನ್ನು ನೀಡಿದವು.

ಉತ್ತರದ ಈ ಶಾಖೆಗಳಲ್ಲಿ ವಾರ್ಷಿಕ ಉತ್ತರಾಧಿಕಾರದ ಪದ್ಧತಿ ಬೇರೂರಿತು. ಅಮೆರಿಕದ ಕಾಲೇಜು ಶಿಕ್ಷಣ ನಾಲ್ಕು ವರ್ಷದ್ದು. ಮೂರನೆಯ ವರ್ಷದವರನ್ನು ಜೂನಿಯರ್ ಎಂದೂ ಕೊನೆಯ ವರ್ಷದವರನ್ನು ಸೀನಿಯರ್ ಎಂದೂ ಕರೆಯುತ್ತಾರೆ. ಹೊರಡಲಿರುವ ಸೀನಿಯರುಗಳು ಜೂನಿಯರುಗಳಲ್ಲಿ ಕೆಲವರನ್ನು ತಾವೇ ಆರಿಸಿ ಗುಟ್ಟುಗಳನ್ನೂ ಪುಸ್ತಕಗಳನ್ನೂ ಅವರಿಗೆ ಒಪ್ಪಿಸುತ್ತಿದ್ದುದರಿಂದ, ಆಯ್ಕೆಯೂ ಹಸ್ತಾಂತರವೂ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದವು. ಗುಟ್ಟೆಂಬುದು ಇಲ್ಲಿ ಹುಡುಗಾಟಿಕೆಯಂತೆ ಕಂಡರೂ ಅದಕ್ಕೊಂದು ಪ್ರಯೋಜನವಿತ್ತು, ಏಕೆಂದರೆ ಬಾಯಿಂದ ಬಾಯಿಗೆ ಮಾತ್ರ ದಾಟಬೇಕಾದ ವಿಷಯವಿದ್ದಾಗ ಹಳಬರೂ ಹೊಸಬರೂ ಒಂದೆಡೆ ಕೂರಲೇಬೇಕಾಗುತ್ತದೆ. 1826ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಫ್ರೀಮೇಸನ್ನರ ಗುಟ್ಟನ್ನು ಬಯಲು ಮಾಡಹೊರಟ ವಿಲಿಯಂ ಮಾರ್ಗನ್ ಎಂಬವನು ಕಾಣೆಯಾದ ಮೇಲೆ ಗುಪ್ತ ಸಂಘಗಳ ಮೇಲೆ ದೇಶದಲ್ಲೆಲ್ಲ ಸಿಟ್ಟು ಹಬ್ಬಿ, ಆ ಒತ್ತಡದಲ್ಲಿ ಹಾರ್ವರ್ಡಿನ ಶಾಖೆ 1831ರಲ್ಲಿ ತನ್ನ ಗೋಪ್ಯತೆಯನ್ನು ಕೈಬಿಟ್ಟಿತು. ಅಲ್ಲಿಂದ ಮುಂದೆ ಸಂಘದ ಬಾಳು ಕ್ರಮೇಣ ಪದವಿ ಪ್ರದಾನದ ಹೊತ್ತಿನ ವಾರ್ಷಿಕ ಸಭೆಯ ಕಡೆಗೆ ವಾಲಿತು. ಆ ಸಭೆಗಳಿಗೆ ಹೊಳಪಿರಲಿಲ್ಲವೆಂದಲ್ಲ. ರಾಲ್ಫ್ ವಾಲ್ಡೊ ಎಮರ್ಸನ್ 1837ರ ಆಗಸ್ಟ್ 31ರಂದು ಅಮೆರಿಕದ ವಿದ್ವಾಂಸನನ್ನು ಕುರಿತು ಮಾಡಿದ ಪ್ರಸಿದ್ಧ ಭಾಷಣ ಹಾರ್ವರ್ಡ್ ಶಾಖೆಯ ಅಂಥದೊಂದು ಸಭೆಯಲ್ಲಿಯೇ ನಡೆಯಿತು. ಆದರೆ ವರ್ಷಕ್ಕೊಂದು ಉತ್ಸವ ನಡೆಸುವ ಸಂಘದಲ್ಲಿ ವಿದ್ಯಾರ್ಥಿ ಪದಾಧಿಕಾರಿಗೆ ಕಲಿಯಲು ಹೆಚ್ಚೇನೂ ಉಳಿಯುವುದಿಲ್ಲ, ಆದ್ದರಿಂದ ಕಲಿಸಿ ಹೋಗಲು ಕೂಡ ಏನೂ ಇರುವುದಿಲ್ಲ. ಯೇಲಿನ ಶಾಖೆ 1871ರಿಂದ 1884ರವರೆಗೆ ನಿಂತೇಹೋಗಿತ್ತು. ಯುದ್ಧವಿಲ್ಲದೆ, ದಂಡಿನ ಭಯವಿಲ್ಲದೆ ನಿಂತದ್ದರಿಂದ ಇದು ವಿಲಿಯಮ್ಸ್‌ಬರ್ಗಿನ ಮೊಹರಿಗಿಂತ ಹೆಚ್ಚು ಪಾಠ ಹೇಳುವ ಸಂಗತಿ.

1883ರಲ್ಲಿ ಶಾಖೆಗಳು ಸೇರಿ ರಾಷ್ಟ್ರೀಯ ಒಕ್ಕೂಟವೊಂದನ್ನು ಮಾಡಿಕೊಂಡವು. ಕಾಲಕ್ರಮದಲ್ಲಿ ಶಾಖೆಯ ಆಡಳಿತ ಆಯಾ ಕಾಲೇಜಿನಲ್ಲಿ ಕಲಿಸುತ್ತಿರುವ ಸದಸ್ಯರ, ಅಂದರೆ ಅಧ್ಯಾಪಕರ, ಕೈಗೆ ಬಂತು. ವರ್ಷಗಟ್ಟಲೆ ಅದೇ ಹುದ್ದೆಯಲ್ಲಿರಬಲ್ಲ ಕಾರ್ಯದರ್ಶಿ ಅದರ ಕೀಲಿಕೈಯಾದನು. ಸಾತತ್ಯದ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಇಂದು ಫೈ ಬೀಟಾ ಕಪ್ಪಕ್ಕೆ ಆಯ್ಕೆಯಾಗುವ ವಿದ್ಯಾರ್ಥಿ ಗೌರವವನ್ನು ಪಡೆಯುವವನೇ ಹೊರತು ಸಂಘವನ್ನು ನಡೆಸುವವನಲ್ಲ, ಐವರು ಹುಡುಗರು ಕಟ್ಟಿದ ಸಂಘಕ್ಕೆ ಇದು ಸಣ್ಣ ಬದಲಾವಣೆಯಲ್ಲ.

ಹಸ್ತಾಂತರದ ಎಳೆ ಅತ್ಯಂತ ತೆಳುವಾಗಿದ್ದೂ ತುಂಡಾಗದೆ ಉಳಿದ ಉದಾಹರಣೆ ಟೌ ಬೀಟಾ ಪೈ ಎಂಬ ಎಂಜಿನಿಯರಿಂಗ್ ಗೌರವ ಸಂಘದ್ದು. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಗಣಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಎಡ್ವರ್ಡ್ ಹಿಗ್ಗಿನ್ಸನ್ ವಿಲಿಯಮ್ಸ್, ತಾನು ಯೇಲಿನಲ್ಲಿ ಪಡೆದಂಥ ಗೌರವ ತಾಂತ್ರಿಕ ವಿದ್ಯಾರ್ಥಿಗಳಿಗೂ ದೊರೆಯಬೇಕೆಂದು 1885ರಲ್ಲಿ ಈ ಸಂಘವನ್ನು ಯೋಜಿಸಿದನು. ಆದರೆ ಯೋಜನೆ ಸಿದ್ಧವಾಗುವ ವೇಳೆಗೆ ಶೈಕ್ಷಣಿಕ ವರ್ಷ ಮುಗಿಯುತ್ತ ಬಂದಿದ್ದರಿಂದ, ಆ ಜೂನ್ ತಿಂಗಳಿನಲ್ಲಿ ಸದಸ್ಯನಾದ ವಿದ್ಯಾರ್ಥಿ ತರಗತಿಯ ಮೊದಲಿಗನಾಗಿದ್ದ ಅರ್ವಿಂಗ್ ಆಂಡ್ರ್ಯೂ ಹೈಕ್ಸ್ ಒಬ್ಬನೇ. ಅವನೂ ಎಲ್ಲರಂತೆ ಹೊರಟುಹೋಗಿದ್ದರೆ ಸಂಘ ಹುಟ್ಟಿದ ಬೇಸಿಗೆಯಲ್ಲಿಯೇ ವಿದ್ಯಾರ್ಥಿಗಳಿಲ್ಲದ ಸಂಘವಾಗುತ್ತಿತ್ತು. ಅವನು ಅದೇ ವರ್ಷದ ಶರತ್ಕಾಲದಲ್ಲಿ ಬೋಧಕನಾಗಿ ಲೀಹೈಗೆ ಮರಳಿದ್ದರಿಂದ, ಪ್ರಾಧ್ಯಾಪಕನೂ ಅವನೂ ಕೂಡಿ 1886ರ ತರಗತಿಯ ಅರ್ಹರಿಗೆ ದೀಕ್ಷೆ ಕೊಡುವುದು ಸಾಧ್ಯವಾಯಿತು. 1892ರಲ್ಲಿ ಮಿಷಿಗನ್ನಿನ ಕೃಷಿ ಕಾಲೇಜಿನಲ್ಲಿ ಎರಡನೆಯ ಶಾಖೆ ಆರಂಭವಾಗುವವರೆಗೂ ಲೀಹೈ ಶಾಖೆ ಒಂಟಿಯಾಗಿಯೇ ಇತ್ತು. ಮುಂದೆ ಈ ಸಂಘ ರೂಪಿಸಿಕೊಂಡ ಅರ್ಹತೆಯ ನಿಯಮ ಕುತೂಹಲಕರವಾದುದು: ಸೀನಿಯರುಗಳಲ್ಲಿ ಮೇಲಿನ ಐದನೆಯ ಒಂದು ಭಾಗದವರು ಅರ್ಹರಾದರೆ, ಜೂನಿಯರುಗಳಲ್ಲಿ ಮೇಲಿನ ಎಂಟನೆಯ ಒಂದು ಭಾಗದವರಷ್ಟೇ ಅರ್ಹರು. ಜೂನಿಯರುಗಳಿಗೆ ಬಾಗಿಲು ಕಿರಿದಾಗಿದ್ದರೂ ಮುಚ್ಚಿಲ್ಲ. ಆ ಕಿರಿದಾದ ಬಾಗಿಲಿನಿಂದ ಒಳಬಂದವರೇ ಮರುವರ್ಷ ಶಾಖೆಯನ್ನು ನಡೆಸಲು ಉಳಿಯುತ್ತಾರೆ.

ವರ್ಷಕ್ಕೊಮ್ಮೆ ಎಲ್ಲರನ್ನೂ ಕಳೆದುಕೊಳ್ಳುವ ಕಷ್ಟವನ್ನು ತಪ್ಪಿಸಿಕೊಳ್ಳದೆ ಪೂರ್ತಿಯಾಗಿ ಒಪ್ಪಿಕೊಂಡ ಸಂಘವೂ ಇದೆ. 1918ರಲ್ಲಿ ಕಾರ್ನೆಲ್, ಮಿಷಿಗನ್, ಒಹಾಯೊ ಸ್ಟೇಟ್, ಸ್ವಾರ್ತ್‌ಮೋರ್ ಕಾಲೇಜುಗಳ ಸ್ಥಳೀಯ ಮಹಿಳಾ ಸಂಘಗಳು ಸೇರಿ ಮಾರ್ಟರ್ ಬೋರ್ಡ್ ಎಂಬ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದವು. ಅಂತಿಮ ವರ್ಷದ ವಿದ್ಯಾರ್ಥಿನಿಯರಲ್ಲಿ ವಿದ್ವತ್ತು, ನಾಯಕತ್ವ, ಸೇವೆ ಈ ಮೂರನ್ನೂ ನೋಡಿ ಆರಿಸುವುದು ಅದರ ಉದ್ದೇಶವಾಗಿತ್ತು. ಲಿಂಗ ತಾರತಮ್ಯವನ್ನು ನಿಷೇಧಿಸಿದ 1972ರ ಕಾನೂನಿನ ಫಲವಾಗಿ 1975ರಲ್ಲಿ ಅದು ಪುರುಷರಿಗೂ ತೆರೆಯಿತು. ಸಕ್ರಿಯ ಸದಸ್ಯರೆಲ್ಲ ಸೀನಿಯರುಗಳೇ ಆದ್ದರಿಂದ ಇಲ್ಲಿ ಪದಾಧಿಕಾರಿಗಳಷ್ಟೇ ಅಲ್ಲ, ಶಾಖೆಗೆ ಶಾಖೆಯೇ ವರ್ಷಕ್ಕೊಮ್ಮೆ ಬದಲಾಗುತ್ತದೆ. ವಸಂತದಲ್ಲಿ ಹಳೆಯ ತಂಡದವರು ನಿಲುವಂಗಿ, ಚೌಕಟೋಪಿ ಧರಿಸಿ, ಪಾಠ ನಡೆಯುತ್ತಿರುವ ಕೊಠಡಿಗೇ ಹೋಗಿ, ಮುಂದಿನ ವರ್ಷಕ್ಕೆ ಆಯ್ಕೆಯಾದ ಜೂನಿಯರುಗಳನ್ನು ಎಲ್ಲರೆದುರು ಗುರುತಿಸುವ ಪದ್ಧತಿ ಅನೇಕ ಶಾಖೆಗಳಲ್ಲಿದೆ. ಇದನ್ನು ಟ್ಯಾಪಿಂಗ್ ಎನ್ನುತ್ತಾರೆ. ಹೆಗಲು ತಟ್ಟಿ ಆರಿಸುವ ಈ ಸಂಪ್ರದಾಯ ಹಬ್ಬಿದ್ದು ಯೇಲಿನ ಸೀನಿಯರ್ ಸಂಘಗಳಿಂದ. ಅವುಗಳಲ್ಲಿ ಹಳೆಯದಾದ, 1832ರಲ್ಲಿ ಸ್ಥಾಪನೆಯಾದ ಸ್ಕಲ್ ಅಂಡ್ ಬೋನ್ಸ್ ವರ್ಷಕ್ಕೆ ಹದಿನೈದು ಜನರನ್ನು ಮಾತ್ರ ಆರಿಸುತ್ತಿತ್ತು, ಹದಿನೈದು ಜನ ಹೋಗಿ ಹದಿನೈದು ಜನ ಬರುತ್ತಿದ್ದರು. ಆದರೆ ಯೇಲಿನ ಸಂಘಗಳಿಗೆ ಸ್ವಂತ ಕಟ್ಟಡವೂ ಹಣವುಳ್ಳ ಹಳೆಯ ಸದಸ್ಯರೂ ಇದ್ದರು. ಮಾರ್ಟರ್ ಬೋರ್ಡಿನ ಶಾಖೆಗೆ ಆಧಾರವಾಗಿದ್ದುದು ಸಲಹೆಗಾರರಾದ ಒಬ್ಬಿಬ್ಬರು ಅಧ್ಯಾಪಕರು, ರಾಷ್ಟ್ರೀಯ ಕಚೇರಿ, ಒಂದಿಷ್ಟು ಕಡತಗಳು. ಇಷ್ಟರ ಮೇಲೆ ಶತಮಾನ ದಾಟಿದ್ದು ಮೆಚ್ಚತಕ್ಕ ಸಾಧನೆ.

ಹಸ್ತಾಂತರದ ನಿಯಮಗಳಿಗೆ ಒಂದು ಸಾಮಾನ್ಯ ಭಾಷೆಯನ್ನು ಒದಗಿಸಿದವನು ಗೌರವ ಸಂಘಗಳಿಗೆ ಸಂಬಂಧವಿಲ್ಲದ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೈನ್ಯದ ಎಂಜಿನಿಯರ್. 1876ರಲ್ಲಿ ಅವನು ಪ್ರಕಟಿಸಿದ ಸಭಾನಿಯಮಗಳ ಕೈಪಿಡಿಯನ್ನು ಅಮೆರಿಕದ ಅಸಂಖ್ಯ ಸಂಘಗಳು ತಮ್ಮ ನಿಯಮಾವಳಿಯ ಮೂಲಕ ಪ್ರಮಾಣವಾಗಿ ಸ್ವೀಕರಿಸಿವೆ. ನಿಯಮಾವಳಿಯಲ್ಲಿ ಬೇರೆ ಮಾತಿಲ್ಲದಿದ್ದರೆ ಆಯ್ಕೆಯಾದವರು ಆಯ್ಕೆ ಪೂರ್ಣವಾದೊಡನೆಯೇ ಅಧಿಕಾರಕ್ಕೆ ಬರುತ್ತಾರೆಂಬುದು ಆ ಪದ್ಧತಿಯ ಒಂದು ಸೂತ್ರ. ಅವಧಿಯನ್ನು ಹೇಳುವಾಗ ಉತ್ತರಾಧಿಕಾರಿ ಆಯ್ಕೆಯಾಗುವವರೆಗೆ ಎಂಬ ಅರ್ಥದ ಮಾತನ್ನು ಸೇರಿಸಿಕೊಂಡರೆ ಹುದ್ದೆ ಖಾಲಿ ಬೀಳುವುದಿಲ್ಲವೆಂಬುದು ಇನ್ನೊಂದು. ಎರಡನೆಯ ಸೂತ್ರ ವಿದ್ಯಾರ್ಥಿ ಶಾಖೆಯಲ್ಲಿ ಬಹುಮಟ್ಟಿಗೆ ಕಾಗದದ ಮೇಲಿನದು, ಏಕೆಂದರೆ ಪದವಿ ಪಡೆದು ದೂರದ ಊರಿನಲ್ಲಿ ಕೆಲಸಕ್ಕೆ ಸೇರಿದವಳನ್ನು ನಿಯಮ ಎಷ್ಟೇ ಅಧ್ಯಕ್ಷೆಯೆಂದರೂ ಅವಳು ಸಭೆ ಕರೆಯಲಾರಳು. ಆದ್ದರಿಂದ ಶಾಖೆಗಳು ಮಾರ್ಚ್ ಅಥವಾ ಏಪ್ರಿಲಿನಲ್ಲಿ ಚುನಾವಣೆ ನಡೆಸಿ, ಮೇ ತಿಂಗಳ ಘಟಿಕೋತ್ಸವಕ್ಕೆ ಮೊದಲು ಪದಗ್ರಹಣ ಮುಗಿಸಿ, ನಡುವಿನ ವಾರಗಳಲ್ಲಿ ಹಳೆಯ, ಹೊಸ ಪದಾಧಿಕಾರಿಗಳು ಜೊತೆಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವುದುಂಟು. ಮೇಣದ ಬತ್ತಿ ಹಚ್ಚಿ ಪ್ರಮಾಣ ಹೇಳಿಸುವುದು, ಅಧ್ಯಕ್ಷನ ಮರದ ಸುತ್ತಿಗೆಯನ್ನು ಕೈಗೆ ಕೊಡುವುದು ಫೋಟೋದಲ್ಲಿ ಕಾಣುವ ಭಾಗ. ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದು, ಹೊಸಬರ ಹೆಸರನ್ನು ರಾಷ್ಟ್ರೀಯ ಕಚೇರಿಗೆ ತಿಳಿಸುವುದು, ಈಚಿನ ದಿನಗಳಲ್ಲಿ ಪಾಸ್‌ವರ್ಡುಗಳನ್ನು ಒಪ್ಪಿಸುವುದು ಕಾಣದ ಭಾಗ, ಶಾಖೆಯ ಮುಂದಿನ ವರ್ಷ ನಿಂತಿರುವುದು ಇದರ ಮೇಲೆ.

ಎರಡು ವರ್ಷದ ಕಾಲೇಜುಗಳಲ್ಲಿ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ಅಂಥ ಕಾಲೇಜುಗಳ ಗೌರವ ಸಂಘವಾದ ಫೈ ಥೀಟಾ ಕಪ್ಪವನ್ನು 1918ರಲ್ಲಿ ಸ್ಥಾಪಿಸಿದವರು ಮಿಸೌರಿ ಸಂಸ್ಥಾನದ ಮಹಿಳಾ ಜೂನಿಯರ್ (ಎರಡು ವರ್ಷದ) ಕಾಲೇಜುಗಳ ಮುಖ್ಯಸ್ಥರು. ಅಂದರೆ ಫೈ ಬೀಟಾ ಕಪ್ಪ ಒಂದು ಶತಮಾನ ಸವೆಸಿ ಮುಟ್ಟಿದ ಸ್ಥಿತಿಯಿಂದಲೇ, ಹಿರಿಯರ ಆಶ್ರಯದಿಂದಲೇ, ಇದು ಹೊರಟಿತು. ವಿದ್ಯಾರ್ಥಿ ಮೊದಲ ವರ್ಷ ಅರ್ಹತೆ ಗಳಿಸಿ, ಸದಸ್ಯನಾಗಿ, ಚುನಾವಣೆಗೆ ನಿಂತು ಗೆದ್ದರೆ ಅಧಿಕಾರ ನಡೆಸಲು ಉಳಿಯುವುದು ಹೆಚ್ಚೆಂದರೆ ಒಂದು ವರ್ಷ. ಆದರೂ ಇಲ್ಲಿ ಪದಾಧಿಕಾರ ವಿದ್ಯಾರ್ಥಿಗಳಲ್ಲಿಯೇ ಉಳಿಯಿತು. ಸಂಘದ ಸ್ಮರಣೆಯನ್ನು ಹೊತ್ತವರು ಕೇಂದ್ರ ಕಚೇರಿಯವರು. ಅವರಲ್ಲಿ ಮೊದಲಿಗರಾದ ಮಾರ್ಗರೆಟ್ ಮೋಸಲ್ 1935ರಿಂದ 1985ರವರೆಗೆ ಸಂಘದ ಆಡಳಿತವನ್ನು ನಡೆಸಿದರು; ಎರಡು ವರ್ಷದ ಓದಿನ ಲೆಕ್ಕದಲ್ಲಿ ಅವರ ಒಬ್ಬರ ಅವಧಿಯೊಳಗೆ ಇಪ್ಪತ್ತೈದು ತಲೆಮಾರಿನ ವಿದ್ಯಾರ್ಥಿಗಳು ಬಂದು ಹೋದರು.