ಎ. ಗೋಪಾಲಕೃಷ್ಣನ್: ಕೈಗಾ ಗುಮ್ಮಟ ಕುಸಿದ ಕಾಲದ ಅಣು ಸುರಕ್ಷತಾ ನಿಯಂತ್ರಕ

ಎ. ಗೋಪಾಲಕೃಷ್ಣನ್ ಅವರು 1993ರಿಂದ 1996ರವರೆಗೆ ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎಂಜಿನಿಯರ್. ಎಇಆರ್‌ಬಿ ಎಂದೇ ಪರಿಚಿತವಾದ ಈ ಮಂಡಳಿಯ ಚರಿತ್ರೆಯಲ್ಲಿ ಅವರ ಮೂರು ವರ್ಷಗಳಷ್ಟು ವಿವಾದಕ್ಕೆ ಗುರಿಯಾದ ಅವಧಿ ಮತ್ತೊಂದಿಲ್ಲ. ಉತ್ತರ ಕನ್ನಡದ ಕೈಗಾ ಸ್ಥಾವರದ ಗುಮ್ಮಟ ಕುಸಿದದ್ದೂ ಇದೇ ಅವಧಿಯಲ್ಲಿ.

ಮಂಡಳಿ ಸ್ಥಾಪನೆಯಾದದ್ದು 1983ರ ನವೆಂಬರ್ 15ರಂದು. ಅದಕ್ಕೆಂದು ಸಂಸತ್ತು ಪ್ರತ್ಯೇಕ ಕಾನೂನನ್ನೇನೂ ಮಾಡಿರಲಿಲ್ಲ. 1962ರ ಅಣುಶಕ್ತಿ ಕಾಯಿದೆಯಡಿ ಹೊರಡಿಸಿದ ಆದೇಶವೇ ಅದಕ್ಕೆ ಆಧಾರ. ಮಂಡಳಿ ಉತ್ತರ ಕೊಡಬೇಕಾಗಿದ್ದುದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿಯೂ ಹೌದು. ಸ್ಥಾವರಗಳನ್ನು ಕಟ್ಟಿ ನಡೆಸುವ ನಿಗಮ ಅದೇ ಇಲಾಖೆಯ ಅಧೀನದಲ್ಲಿತ್ತು. ಅಂದರೆ ತಪಾಸಣೆ ಮಾಡುವವರೂ ತಪಾಸಣೆಗೆ ಒಳಗಾಗುವವರೂ ಕೊನೆಗೆ ಒಬ್ಬರೇ ಅಧಿಕಾರಿಯ ಮುಂದೆ ನಿಲ್ಲಬೇಕಿತ್ತು. ಗೋಪಾಲಕೃಷ್ಣನ್ ಅವರ ಕತೆಯೆಲ್ಲ ಈ ಒಂದು ಏರ್ಪಾಡಿನಿಂದ ಹುಟ್ಟಿದ್ದು.

ಅವರು ಅಧಿಕಾರ ವಹಿಸಿಕೊಂಡಾಗ ನರೋರಾ ಅವಘಡದ ಬಿಸಿ ಇನ್ನೂ ಆರಿರಲಿಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ಆ ಸ್ಥಾವರದ ಒಂದನೆಯ ಘಟಕದಲ್ಲಿ ಟರ್ಬೈನಿನ ಅಲಗುಗಳು ಮುರಿದು, ಜನರೇಟರಿನಿಂದ ಸೋರಿದ ಜಲಜನಕಕ್ಕೆ ಬೆಂಕಿ ಹತ್ತಿತ್ತು. ಮುಖ್ಯ ಕೇಬಲ್‌ಗಳ ಜೊತೆಗೆ ತುರ್ತು ವಿದ್ಯುತ್ತಿನ ಕೇಬಲ್‌ಗಳೂ ಉರಿದುಹೋದುದರಿಂದ ಸುಮಾರು 17 ಗಂಟೆ ಕಾಲ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಹೊಗೆ ತುಂಬಿತು. ಸಿಬ್ಬಂದಿ ಟಾರ್ಚ್ ಹಿಡಿದು ಕತ್ತಲಲ್ಲಿ ಮೇಲೇರಿ, ಕೈಯಿಂದಲೇ ಕವಾಟ ತೆರೆದು ಬೋರಾನ್ ದ್ರಾವಣವನ್ನು ರಿಯಾಕ್ಟರಿಗೆ ಹರಿಸಿದರು. ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ತಂಪು ನೀರು ಒದಗಿತು. ವಿಕಿರಣ ಹೊರಬೀಳಲಿಲ್ಲ. ಅಲಗುಗಳ ವಿನ್ಯಾಸ ಬದಲಾಗಬೇಕೆಂಬ ಸೂಚನೆ ತಯಾರಕರಿಂದ ಮೊದಲೇ ಬಂದಿದ್ದರೂ ನಿಗಮ ಕ್ರಮ ಕೈಗೊಂಡಿರಲಿಲ್ಲವೆಂದು ಗೋಪಾಲಕೃಷ್ಣನ್ ನಂತರ ಬರೆದರು.

ಮರುವರ್ಷ ಕೈಗಾ ಸರದಿ. ಕಾಳಿ ನದಿಯ ದಡದ ಕಾಡಿನಲ್ಲಿ ಅಣುಸ್ಥಾವರ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತಿದ್ದರು. ಕಾಮಗಾರಿ ನಿಲ್ಲಲಿಲ್ಲ. 1994ರ ಮೇ 13ರಂದು ಒಂದನೆಯ ಘಟಕದ ಒಳಗುಮ್ಮಟದ ತಳಭಾಗ ಪದರಾಗಿ ಕಳಚಿಕೊಂಡು, ಸುಮಾರು 130 ಟನ್ ಕಾಂಕ್ರೀಟ್ ಕೆಳಗೆ ಬಿತ್ತು. ಕಾರ್ಮಿಕರು ಗಾಯಗೊಂಡರು. ಯುರೇನಿಯಂ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ. ಆದರೆ ಬಿದ್ದದ್ದು ಯಾವುದೋ ಗೋದಾಮಿನ ಚಾವಣಿಯಲ್ಲ. ಅವಘಡವಾದಾಗ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಕವಚ.

ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್‌ಗಳನ್ನು ಹಾಯಿಸಿ ಬಿಗಿಯಲಾಗುತ್ತದೆ. ಬಾಗಿದ ಕೇಬಲ್ ಬಿಗಿದಂತೆಲ್ಲ ಕಾಂಕ್ರೀಟನ್ನು ದಪ್ಪದ ದಿಕ್ಕಿನಲ್ಲಿ ಸೀಳಲು ಎಳೆಯುತ್ತದೆ. ಈ ಸೆಳೆತವನ್ನು ತಡೆಯುವ ಅಡ್ಡಸರಳುಗಳ ಏರ್ಪಾಡು ವಿನ್ಯಾಸದಲ್ಲಿ ಸಾಕಷ್ಟು ಇರಲಿಲ್ಲ. ಇದೇ ಮಾದರಿಯ ಗುಮ್ಮಟ ರಾಜಸ್ಥಾನದ 3 ಮತ್ತು 4ನೇ ಘಟಕಗಳಿಗೂ ನಿಗದಿಯಾಗಿತ್ತಾದ್ದರಿಂದ ಅಲ್ಲಿಯೂ ಕೆಲಸ ತಡವಾಯಿತು. ಗುಮ್ಮಟವನ್ನು ಹೊಸದಾಗಿ ವಿನ್ಯಾಸಗೊಳಿಸಿ, ಹೆಚ್ಚು ಬಲದ ಕಾಂಕ್ರೀಟಿನಲ್ಲಿ ಕಟ್ಟಲಾಯಿತು. ಕೈಗಾದಲ್ಲಿ ಎರಡನೆಯ ಘಟಕವೇ 2000ದ ಮಾರ್ಚ್‌ನಲ್ಲಿ ಮೊದಲು ವಾಣಿಜ್ಯ ಉತ್ಪಾದನೆಗೆ ಬಂತು. ಒಂದನೆಯದು ಅದೇ ನವೆಂಬರ್‌ನಲ್ಲಿ. ಆ ಒಂದನೆಯ ಘಟಕವೇ 2018ರ ಕೊನೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತೆಂಬುದನ್ನೂ ಇಲ್ಲಿ ಹೇಳಬೇಕು.

ಕೈಗಾ ಕುಸಿತದ ಮರುತಿಂಗಳೇ ಗುಜರಾತಿನ ಕಾಕ್ರಾಪಾರ್ ಸ್ಥಾವರದ ಟರ್ಬೈನ್ ಕಟ್ಟಡಕ್ಕೆ ಮಳೆನೀರು ನುಗ್ಗಿತು. ಒಂದೊಂದೇ ಅವಘಡದ ಹಿಂದೆ ಓಡುವುದನ್ನು ಬಿಟ್ಟು ಇಲಾಖೆಯ ಎಲ್ಲ ಘಟಕಗಳನ್ನೂ ಒಟ್ಟಾಗಿ ಪರಿಶೀಲಿಸಿದ ಮಂಡಳಿ 1995ರಲ್ಲಿ ಒಂದು ವರದಿ ಸಿದ್ಧಪಡಿಸಿತು. 130ಕ್ಕೂ ಹೆಚ್ಚು ಸುರಕ್ಷತಾ ಲೋಪಗಳ ಪಟ್ಟಿ ಅದರಲ್ಲಿತ್ತು. ಗೋಪಾಲಕೃಷ್ಣನ್ ಅವರ ಅತಿ ಮುಖ್ಯ ಕೆಲಸ ಇದೇ. ಆದರೆ ಸಾರ್ವಜನಿಕರ ಕೈಗೆ ಸಿಗದೆ ಹೋದದ್ದೂ ಇದೇ.

1996ರಲ್ಲಿ ಅವಧಿ ಮುಗಿದು, ಪಿ. ರಾಮರಾವ್ ಅವರ ಸ್ಥಾನಕ್ಕೆ ಬಂದರು. ಹುದ್ದೆ ಬಿಟ್ಟ ಗೋಪಾಲಕೃಷ್ಣನ್, ಇಂಥದೊಂದು ವರದಿ ಇದೆಯೆಂದು ಪತ್ರಿಕೆಗಳಿಗೆ ತಿಳಿಸಿದರು. ಅದನ್ನು ಬಹಿರಂಗಪಡಿಸಬೇಕೆಂದು ಪಿಯುಸಿಎಲ್ ಮತ್ತು ಸರ್ವೋದಯ ಮಂಡಲ ಮುಂಬಯಿ ಹೈಕೋರ್ಟಿಗೆ ಹೋದವು. 1962ರ ಕಾಯಿದೆಯ 18ನೇ ಸೆಕ್ಷನ್ನಿನ ಗೋಪ್ಯತೆಯನ್ನು ಸರ್ಕಾರ ಮುಂದೊಡ್ಡಿತು. ಹೈಕೋರ್ಟ್ ಸರ್ಕಾರದ ವಾದವನ್ನು ಒಪ್ಪಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇದರ ನಡುವೆ, 2000ದ ಏಪ್ರಿಲ್‌ನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವನ್ನು ಮಂಡಳಿಯ ಮೇಲ್ವಿಚಾರಣೆಯಿಂದಲೇ ಹೊರಗಿಡಲಾಯಿತು.

ಇಷ್ಟಾದರೂ ಅವರನ್ನು ಅಣುವಿದ್ಯುತ್ತಿನ ವಿರೋಧಿ ಎನ್ನುವುದು ಸರಿಯಲ್ಲ. ಆಮದು ರಿಯಾಕ್ಟರುಗಳ ಬದಲು ದೇಶೀಯ ಭಾರಜಲ ರಿಯಾಕ್ಟರುಗಳನ್ನೇ ಬೆಳೆಸಬೇಕೆಂಬುದು ಅವರ ವಾದವಾಗಿತ್ತು. ಅಮೆರಿಕದೊಡನೆಯ ಅಣು ಒಪ್ಪಂದವನ್ನು ಅವರು ಟೀಕಿಸಿದ್ದೂ ಈ ನೆಲೆಯಿಂದಲೇ.

ಫುಕುಶಿಮಾ ದುರಂತದ ಬಳಿಕ 2011ರಲ್ಲಿ ಸ್ವತಂತ್ರ ನಿಯಂತ್ರಣ ಪ್ರಾಧಿಕಾರದ ಮಸೂದೆ ಲೋಕಸಭೆಗೆ ಬಂದು, 2014ರಲ್ಲಿ ಸಭೆಯ ಅವಧಿಯೊಡನೆ ಬಿದ್ದುಹೋಯಿತು. ಮಂಡಳಿಗೆ ಶಾಸನದ ಬಲವಿಲ್ಲವೆಂದು 2012ರಲ್ಲಿ ಮಹಾಲೇಖಪಾಲರ ವರದಿಯೂ ಎತ್ತಿ ತೋರಿಸಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಶಾಂತಿ ಮಸೂದೆ ಎಇಆರ್‌ಬಿಗೆ ಶಾಸನಬದ್ಧ ಸ್ಥಾನ ನೀಡಿತು. ಗೋಪಾಲಕೃಷ್ಣನ್ ಹುದ್ದೆ ಬಿಟ್ಟು ಆಗ 29 ವರ್ಷಗಳಾಗಿದ್ದವು.