ಮಾನಸಿಕ ಆಪತ್ಕಾಲದ ನೆರವು (ಕರ್ನಾಟಕದಲ್ಲಿ)

ವ್ಯಕ್ತಿಯೊಬ್ಬನ ಆಲೋಚನೆ, ಭಾವ ಅಥವಾ ವರ್ತನೆಯಲ್ಲಿ ತಲೆದೋರಿದ ವಿಕಾರವು ಆತನ ಪ್ರಾಣಕ್ಕಾಗಲಿ ಇತರರ ಕ್ಷೇಮಕ್ಕಾಗಲಿ ಕೂಡಲೇ ಅಪಾಯ ತರಬಹುದಾದ ಘಟ್ಟವನ್ನು ಮುಟ್ಟಿ, ಮನೆಯವರ ಸಾಂತ್ವನದಿಂದಲೂ ಎಚ್ಚರಿಕೆಯಿಂದಲೂ ನಿಭಾಯಿಸಲಾಗದಂತಾದ ಸ್ಥಿತಿಯನ್ನು ಮಾನಸಿಕ ಆಪತ್ತು ಎಂದು ಕರೆಯಬಹುದು. ಆತ್ಮಹತ್ಯೆಯ ಸಂಕಲ್ಪ, ತೀವ್ರ ಚಿತ್ತವಿಕಲತೆ, ಉನ್ಮಾದ, ಅನ್ನಪಾನಗಳನ್ನೂ ಮಾತನ್ನೂ ತ್ಯಜಿಸಿ ಅಲುಗದೆ ಕುಳಿತುಬಿಡುವ ಜಡಾವಸ್ಥೆ, ಮದ್ಯವನ್ನು ಒಮ್ಮೆಲೇ ಬಿಟ್ಟಾಗ ಬರುವ ಸನ್ನಿ, ಬಾಣಂತಿ ಸನ್ನಿ ಇವು ಇದರ ಮುಖ್ಯ ರೂಪಗಳು. ನಮ್ಮಲ್ಲಿ ಇಂಥ ಆಪತ್ತಿನ ಮೊದಲ ನಿರ್ಣಯ ಬಹುಮಟ್ಟಿಗೆ ವೈದ್ಯರದಲ್ಲ, ಮನೆಯವರದು; ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂಬ ತಿಳಿವಳಿಕೆಯ ಮೇಲೆಯೇ ಮುಂದಿನದೆಲ್ಲ ನಿಂತಿರುವುದರಿಂದ, ಆ ಬಾಗಿಲು ಯಾವುದು, ಅದು ತೆರೆದುದು ಹೇಗೆ ಎಂಬುದನ್ನೇ ಇಲ್ಲಿ ಪ್ರಧಾನವಾಗಿ ನಿರೂಪಿಸಿದೆ.

ಗುರುತಿಸುವಿಕೆ

ಬಾಣಂತಿ ಸನ್ನಿಯು ಸಾಮಾನ್ಯವಾಗಿ ಹೆರಿಗೆಯಾದ ಮೊದಲೆರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಮಲಗಿದರೂ ತಾಯಿಗೆ ನಿದ್ದೆಯಿಲ್ಲ. ನಡುರಾತ್ರಿಯಲ್ಲಿ ಎದ್ದು ತೊಟ್ಟಿಲ ಬಟ್ಟೆಗಳನ್ನು ಬಿಚ್ಚಿ ಮಡಿಸಿ, ಮಡಿಸಿ ಬಿಚ್ಚುತ್ತಾಳೆ. ಹಾಲೂಡಲು ಕೂಸನ್ನು ಮಡಿಲಿಗಿಟ್ಟರೆ ಇದು ನನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎನ್ನುತ್ತಾಳೆ. ಕ್ಷಣ ನಗು, ಕ್ಷಣ ಅಳು. ಹಿರಿಯರು ಇದನ್ನು ಶೀತವೆಂದೋ ಗಾಳಿ ಸೋಕಿತೆಂದೋ ಎಣಿಸಿ ನಾಲ್ಕು ದಿನ ಕಾಯುವುದುಂಟು. ಕಾಯತಕ್ಕ ಕಾಯಿಲೆ ಇದಲ್ಲ. ತಾಯಿ ಮಕ್ಕಳಿಬ್ಬರಿಗೂ ಅಪಾಯವಿರುವುದರಿಂದ ಅವಳೊಬ್ಬಳನ್ನೇ ಕೂಸಿನೊಡನೆ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ವಿಕಾರವಿದು. ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ಪ್ರತ್ಯೇಕ ವಿಭಾಗವು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಮನಸ್ಸಿನದೆಂದು ತೋರುವ ಆಪತ್ತು ಶರೀರದ್ದಾಗಿರುವ ಸಂಭವವನ್ನು ಎಂದಿಗೂ ಮರೆಯಲಾಗದು. ಕಾಲು ಮುರಿದು ಆಸ್ಪತ್ರೆ ಸೇರಿದ ಮದ್ಯವ್ಯಸನಿಗೆ ಎರಡು ಮೂರನೆಯ ದಿನ ಕೈ ನಡುಗಿ, ಬೆವರು ಹರಿದು, ಹೊದಿಕೆಯ ಮೇಲೆ ಹುಳ ಹರಿದಂತೆ ಕಂಡರೆ ಅದು ಪ್ರಾಣಾಪಾಯದ ಸನ್ನಿ. ಥಯಾಮಿನ್ ಎಂಬ ಜೀವಸತ್ವದ ಚುಚ್ಚುಮದ್ದೂ ಸೂಕ್ತ ಔಷಧಗಳೂ ಅವನಿಗೆ ತಡವಿಲ್ಲದೆ ಸಲ್ಲಬೇಕು. ನಿನ್ನೆಯವರೆಗೆ ಸರಿಯಿದ್ದ ವೃದ್ಧರು ಇಂದು ದಿಕ್ಕು ಗುರುತು ತಪ್ಪಿ ಮಾತನಾಡಿದರೆ ಸೋಂಕು, ರಕ್ತದ ಸಕ್ಕರೆ ಅಥವಾ ಸೋಡಿಯಂನ ಇಳಿತ, ತಲೆಪೆಟ್ಟು ಮೊದಲಾದುವನ್ನು ಮೊದಲು ಶೋಧಿಸತಕ್ಕದ್ದು. ಮನೋವೈದ್ಯರಿಲ್ಲದ ಊರಿನಲ್ಲಿಯೂ ಸಾಮಾನ್ಯ ಆಸ್ಪತ್ರೆಗೇ ಮೊದಲು ಹೋಗಬೇಕೆನ್ನುವುದಕ್ಕೆ ಇದೇ ಬಲವಾದ ಕಾರಣ.

ಇತಿಹಾಸ: ನ್ಯಾಯಾಲಯದಿಂದ ಆಸ್ಪತ್ರೆಗೆ

ಬೆಂಗಳೂರಿನಲ್ಲಿ 1840ರ ದಶಕದ ಕೊನೆಯ ವೇಳೆಗೂ, ಧಾರವಾಡದಲ್ಲಿ ಹೆಚ್ಚು ಕಡಮೆ ಅದೇ ಕಾಲದಲ್ಲಿಯೂ ಹುಚ್ಚರ ಆಶ್ರಯಗಳು ಸ್ಥಾಪಿತವಾದುವು. ಅವು ಆಶ್ರಯಗಳೆಂಬುದಕ್ಕಿಂತ ಸಮಾಜವು ತನ್ನ ಭಯವನ್ನು ಕಣ್ಮರೆಯಾಗಿಸಿಕೊಂಡ ಸ್ಥಳಗಳೆಂದರೆ ಅನ್ಯಾಯವಾಗದು. ಬೆಂಗಳೂರಿನ ಸಂಸ್ಥೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. 1954ರಲ್ಲಿ ಅದರ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ನಿರ್ದೇಶಕರಾದರು, 1974ರ ಡಿಸೆಂಬರ್ 27ರಂದು ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು.

ಹೆಸರುಗಳು ಬದಲಾದಷ್ಟು ಸುಲಭವಾಗಿ ಒಳಹೋಗುವ ದಾರಿ ಬದಲಾಗಲಿಲ್ಲ. 1912ರ ಇಂಡಿಯನ್ ಲೂನಸಿ ಅಧಿನಿಯಮವು ಬ್ರಿಟಿಷ್ ಇಂಡಿಯಾಕ್ಕೆ, ಎಂದರೆ ಈಗಿನ ಕರ್ನಾಟಕದ ಮಟ್ಟಿಗೆ ಧಾರವಾಡ, ಬಳ್ಳಾರಿ, ಮಂಗಳೂರು ಮೊದಲಾದ ಸೀಮೆಗಳಿಗೆ, ಅನ್ವಯವಾಗುತ್ತಿದ್ದಿತು. ಅದರ ಪ್ರಕಾರ ಬಂಧುಗಳು ಮ್ಯಾಜಿಸ್ಟ್ರೇಟರಿಗೆ ಅರ್ಜಿಯನ್ನೂ ಅದರೊಡನೆ ಇಬ್ಬರು ವೈದ್ಯರ ಪ್ರಮಾಣಪತ್ರಗಳನ್ನೂ ಸಲ್ಲಿಸಿ ಆದೇಶ ಪಡೆಯಬೇಕಾಗಿದ್ದಿತು. ಬೀದಿಯಲ್ಲಿ ಅಲೆಯುವವನನ್ನು ಪೊಲೀಸರು ಹಿಡಿದು ಅದೇ ಮ್ಯಾಜಿಸ್ಟ್ರೇಟರೆದುರು ನಿಲ್ಲಿಸಬೇಕಾಗಿದ್ದಿತು. ಜ್ವರ ಬಂದವನು ವೈದ್ಯನ ಬಳಿಗೆ ಹೋದರೆ, ಮನೋರೋಗಿ ನ್ಯಾಯಾಲಯದ ಮೂಲಕ ಹೋಗಬೇಕಾಗಿದ್ದಿತು. ರೋಗವು ಅಪರಾಧಕ್ಕೆ ಸಮೀಪವಾದುದೆಂಬ ಭಾವನೆ ಜನಮನದಲ್ಲಿ ಬೇರೂರಿದುದಕ್ಕೆ ಈ ದೀರ್ಘಕಾಲದ ಪದ್ಧತಿಯೂ ಒಂದು ಕಾರಣವಿರಬಹುದೆಂದು ಊಹಿಸಲು ಅವಕಾಶವಿದೆ. ಸ್ವಾತಂತ್ರ್ಯಾನಂತರ ನಾಲ್ಕು ದಶಕಗಳು ಕಳೆದ ಮೇಲೆ ರಚಿತವಾದ, 1993ರಲ್ಲಿ ಜಾರಿಗೆ ಬಂದ 1987ರ ಅಧಿನಿಯಮವು ಬಂಧುಗಳು ನೇರವಾಗಿ ಆಸ್ಪತ್ರೆಗೇ ಅರ್ಜಿ ಸಲ್ಲಿಸಲು ಎಡೆಗೊಟ್ಟಿತಾದರೂ ನ್ಯಾಯಾಲಯದ ಆದೇಶದ ಮಾರ್ಗವನ್ನು ಕೈಬಿಡಲಿಲ್ಲ.

ಈ ನಡುವೆ ವೈದ್ಯರು ಶಾಸನಕ್ಕಿಂತ ಮುಂದೆ ನಡೆದಿದ್ದರು. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಯಲ್ಲಿಯೇ ಇರಿಸಿಕೊಂಡರು. ಮುಂದೆ ಬೆಂಗಳೂರಿನಲ್ಲಿಯೂ ಕುಟುಂಬದವರು ವಾರ್ಡಿನಲ್ಲಿ ರೋಗಿಯೊಡನೆ ತಂಗುವ ಪದ್ಧತಿ ನೆಲೆಯೂರಿತು. ಆನೇಕಲ್ ಕಡೆಯ ಸಕಲವಾರದಲ್ಲಿನ ನಿಮ್ಹಾನ್ಸ್‌ನ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ನೀಡುವ ಪ್ರಯೋಗ ನಡೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಘೋಷಿತವಾದ ಮೇಲೆ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಪ್ರಯೋಗವನ್ನು ಇಡೀ ಜಿಲ್ಲೆಗೆ ವಿಸ್ತರಿಸಲಾಯಿತು. 1996ರಲ್ಲಿ ದೇಶದ ಇತರ ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಮನೋರೋಗದ ಚಿಕಿತ್ಸೆಯನ್ನು ಮಹಾನಗರದ ಗೋಡೆಗಳಿಂದ ಹೊರತಂದುದರಲ್ಲಿ ಕರ್ನಾಟಕಕ್ಕೆ ಸಲ್ಲತಕ್ಕ ಗೌರವಕ್ಕೆ ಇದು ಮುಖ್ಯ ಆಧಾರ.

ಇನ್ನೊಂದು ಕಡೆ ಅಜ್ಞಾನವೂ ದಾರಿದ್ರ್ಯವೂ ತಮ್ಮ ಕೆಲಸ ನಡೆಸುತ್ತಲೇ ಇದ್ದುವು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮನೋರೋಗಿಗಳನ್ನು ಹರಕೆಗೆಂದು ಕರೆತರುತ್ತಿದ್ದ ದರ್ಗಾದ ಆಸುಪಾಸಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಗಳಲ್ಲಿ ಬಂಧಿತರಾಗಿದ್ದ 28 ಮಂದಿ ಓಡಲಾರದೆ ಸುಟ್ಟುಹೋದರು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ದೇವರಲ್ಲಿ ಹರಕೆ ಹೊರುವುದನ್ನು ಯಾವ ವೈದ್ಯನೂ ಆಕ್ಷೇಪಿಸಬೇಕಾಗಿಲ್ಲ; ಆದರೆ ಹರಕೆಯ ಹೆಸರಿನಲ್ಲಿ ಔಷಧವನ್ನು ನಿಲ್ಲಿಸುವುದೂ ಮನುಷ್ಯನನ್ನು ಕಟ್ಟಿಹಾಕುವುದೂ ಸಹಿಸತಕ್ಕವಲ್ಲ.

ಈಗಿನ ಶಾಸನ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017, ಶತಮಾನದಷ್ಟು ಹಳೆಯದಾದ ಈ ದಾರಿಯನ್ನು ತಿರುಗಿಸಿತು. ಅದರ 94ನೆಯ ವಿಧಿಯಂತೆ ಯಾವನೇ ನೋಂದಾಯಿತ ವೈದ್ಯನು, ಮನೋತಜ್ಞನಲ್ಲದಿದ್ದರೂ, ಯಾವುದೇ ಆಸ್ಪತ್ರೆಯಲ್ಲಾಗಲಿ ರೋಗಿಯಿರುವ ಸ್ಥಳದಲ್ಲಾಗಲಿ ಪ್ರಾಣಹಾನಿಯನ್ನೋ ಗಂಭೀರ ಅನರ್ಥವನ್ನೋ ತಡೆಯಲು 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ರೋಗಿಯ ಪರವಾಗಿ ಮಾತನಾಡತಕ್ಕ ನಾಮನಿರ್ದೇಶಿತ ಪ್ರತಿನಿಧಿ ಹತ್ತಿರದಲ್ಲಿದ್ದರೆ ಅವರ ಸಮ್ಮತಿ ಬೇಕು. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ರೋಗಿಯನ್ನು ಸಾಗಿಸುವುದೂ ಈ ಚಿಕಿತ್ಸೆಯಲ್ಲಿ ಸೇರಿದೆ. ಕರೆಂಟ್ ಕೊಡುತ್ತಾರೆಂಬ ಭಯದಿಂದ ಎಷ್ಟೋ ಕುಟುಂಬಗಳು ಹಿಂಜರಿಯುವುದರಿಂದ ಇದನ್ನೂ ಹೇಳಬೇಕು: ತುರ್ತು ಚಿಕಿತ್ಸೆಯ ಅಂಗವಾಗಿ ವಿದ್ಯುತ್ಕಂಪನವನ್ನು ಬಳಸುವಂತೆಯೇ ಇಲ್ಲ, ಬೇರೆ ಸಂದರ್ಭಗಳಲ್ಲಿಯೂ ಅರಿವಳಿಕೆ ಮತ್ತು ಸ್ನಾಯುಶೈಥಿಲ್ಯದ ಔಷಧಗಳಿಲ್ಲದೆ ಅದನ್ನು ನೀಡುವುದು ನಿಷಿದ್ಧ. ಸರಪಳಿಯಿಂದ ಬಂಧಿಸುವುದು ಯಾವ ರೂಪದಲ್ಲಿಯೂ ನಿಷಿದ್ಧ.

ಅಲೆಯುತ್ತಿರುವ ಅಸಹಾಯ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಠಾಣಾಧಿಕಾರಿಯ ಕರ್ತವ್ಯ; ಲಾಕಪ್ಪಿನಲ್ಲಿ ಇಡುವಂತಿಲ್ಲ. 115ನೆಯ ವಿಧಿಯು ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡಕ್ಕೆ ಸಿಕ್ಕಿದ್ದವನೆಂದು ಭಾವಿಸಿ ಶಿಕ್ಷೆಯಿಂದ ಉಳಿಸುತ್ತದೆ. ಕೇಸಾಗುತ್ತದೆಂದು ಹೆದರಿ, ವಿಷ ಸೇವಿಸಿದವನನ್ನು ಮನೆಯಲ್ಲಿಯೇ ಇಟ್ಟುಕೊಳ್ಳಲು ಈಗ ಕಾರಣವಿಲ್ಲ.

ನೆರವಿನ ಕ್ರಮ

ಪ್ರಾಣಾಪಾಯವಿದ್ದಲ್ಲಿ 108ರ ಆಂಬುಲೆನ್ಸ್. ಹಿಂಸೆಯ ಸಂಭವವಿದ್ದರೆ ಪೊಲೀಸರ ನೆರವಿಗೆ 112. ಏನು ಮಾಡಬೇಕೆಂದು ತೋಚದಿದ್ದಾಗ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡುವ ಸೌಲಭ್ಯವುಂಟು. ಸಾವಿನ ಮಾತನ್ನಾಡಿದವರನ್ನು ಒಂಟಿಯಾಗಿ ಬಿಡಬಾರದು. ಸಾಯಬೇಕೆನ್ನಿಸುತ್ತಿದೆಯೆ ಎಂದು ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಎದೆಯ ಭಾರವೇ ಇಳಿಯುತ್ತದೆ. ಹೊಲಕ್ಕೆಂದು ತಂದ ಕೀಟನಾಶಕವನ್ನೂ ಮಾತ್ರೆಗಳನ್ನೂ ಬೇರೆ ಮನೆಗೆ ಸಾಗಿಸತಕ್ಕದ್ದು. ಭ್ರಮೆಗೊಳಗಾದವನೊಡನೆ ವಾದ ಬೇಡ. ಗುಂಪು ಸೇರಿಸದೆ, ಅವನಿಗೆ ನಂಬಿಕೆಯುಳ್ಳ ಒಬ್ಬರು ಮಾತ್ರ ಸಮೀಪದಲ್ಲಿದ್ದು, ತಗ್ಗಿದ ದನಿಯಲ್ಲಿ, ಆಡಿದ್ದನ್ನೇ ಆಡುತ್ತ ಹೊರಡಿಸುವುದು ಲೇಸು. ಹಳೆಯ ಔಷಧದ ಚೀಟಿಗಳನ್ನೂ ಖಾಲಿ ಮಾತ್ರೆಪಟ್ಟಿಗಳನ್ನೂ ಜೊತೆಯಲ್ಲಿ ಒಯ್ದರೆ ರಾತ್ರಿ ಪಾಳಿಯ ವೈದ್ಯರಿಗೆ ಬಹಳ ಉಪಕಾರ.

ಅನಂತರ

ನಿರ್ಣಯಶಕ್ತಿ ಕುಂದಿದ ರೋಗಿಯನ್ನು ಪ್ರತಿನಿಧಿಯ ಕೋರಿಕೆಯ ಮೇಲೆ 30 ದಿನಗಳವರೆಗೆ ಒಳರೋಗಿಯಾಗಿ ಇರಿಸಿಕೊಳ್ಳಬಹುದು. ಇದಕ್ಕೆ ಇಬ್ಬರು ಪರಿಣತರು ರೋಗಿಯನ್ನು ಸ್ವತಂತ್ರವಾಗಿ ಪರೀಕ್ಷಿಸುವುದು ಅಗತ್ಯ. ಸ್ವಸ್ಥಗೊಂಡ ಮೇಲೆ, ಮುಂದೆ ಅಂಥ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಆತನೇ ಮುಂಗಡ ನಿರ್ದೇಶನವಾಗಿ ಬರೆದಿಡಬಹುದು. ತುರ್ತು ಚಿಕಿತ್ಸೆಯ ಗಳಿಗೆಗೆ ಅದು ಅನ್ವಯಿಸದು. ಅದರ ನಂತರದ ದಿನಗಳಿಗೆ ಅನ್ವಯಿಸುತ್ತದೆ. ವಿವಾಹವಾದ ಹೆಣ್ಣುಮಗಳು ತವರಿನ ಅಣ್ಣನನ್ನೋ ಸ್ನೇಹಿತೆಯನ್ನೋ ಪ್ರತಿನಿಧಿಯಾಗಿ ಹೆಸರಿಸಲು ಯಾವ ಅಡ್ಡಿಯೂ ಇಲ್ಲ.