ಆರ್ಗನ್ ಪೀಠದಿಂದ ನಿರ್ದೇಶಕನ ವೇದಿಕೆಗೆ: ತ್ರೀ ಕ್ವಾಯರ್ಸ್ ಉತ್ಸವವನ್ನು ನಡೆಸಿದವರು

ತ್ರೀ ಕ್ವಾಯರ್ಸ್ ಉತ್ಸವದ ಸಂಗೀತ ನಿರ್ದೇಶಕನನ್ನು ಅದಕ್ಕೆಂದೇ ಹುಡುಕಿ ನೇಮಿಸಿದ್ದು ಅಪರೂಪ. ಇಂಗ್ಲೆಂಡಿನ ಪಶ್ಚಿಮ ಭಾಗದ ಹೆರೆಫರ್ಡ್, ಗ್ಲಾಸ್ಟರ್, ವೂಸ್ಟರ್ ಎಂಬ ಮೂರು ಊರುಗಳ ಕ್ಯಾಥೆಡ್ರಲ್‌ಗಳು ಸರದಿಯಂತೆ ವರ್ಷಕ್ಕೊಮ್ಮೆ ಇದನ್ನು ನಡೆಸುತ್ತವೆ. ಯಾವ ಊರಿನ ಸರದಿಯೋ ಆ ಊರಿನ ಕ್ಯಾಥೆಡ್ರಲ್‌ನ ಆರ್ಗನಿಸ್ಟೇ ಆ ವರ್ಷದ ನಿರ್ದೇಶಕ. ಉಳಿದಿಬ್ಬರು ಬಂದು ಆರ್ಗನ್ ನುಡಿಸುತ್ತಾರೆ, ಒಂದೆರಡು ಕೃತಿಗಳನ್ನು ತಾವೂ ನಡೆಸಿಕೊಡುತ್ತಾರೆ. ದಿನನಿತ್ಯ ಹುಡುಗರ ಗಾಯಕವೃಂದಕ್ಕೆ ಕೀರ್ತನೆ ಹೇಳಿಕೊಟ್ಟು ಪ್ರಾರ್ಥನೆಗೆ ಆರ್ಗನ್ ನುಡಿಸುವ ಮನುಷ್ಯ ಮೂರು ವರ್ಷಕ್ಕೊಮ್ಮೆ ಬ್ಯಾಟನ್ ಹಿಡಿದು, ಲಂಡನ್ನಿನಿಂದ ಬಂದ ವೃತ್ತಿಪರ ವಾದ್ಯವೃಂದದ ಮುಂದೆ ನಿಲ್ಲಬೇಕು. ಈ ವ್ಯವಸ್ಥೆ ಯಾವ ಬಗೆಯ ವೃತ್ತಿಜೀವನಗಳನ್ನು ರೂಪಿಸಿತು ಎಂಬುದು ಈ ಲೇಖನದ ವಿಷಯ. ಉತ್ಸವದ ಬಲ ಮತ್ತು ದೌರ್ಬಲ್ಯ ಎರಡಕ್ಕೂ ಮೂಲ ಇಲ್ಲೇ ಇದೆ ಎಂಬುದು ನನ್ನ ವಾದ.

ಉತ್ಸವ ಆರಂಭವಾದದ್ದು ಸುಮಾರು 1715ರಲ್ಲಿ ಎಂದು ಹೇಳುವುದು ವಾಡಿಕೆ. 2015ರಲ್ಲಿ ಮುನ್ನೂರು ವರ್ಷದ ಆಚರಣೆಯೂ ಆಯಿತು. ಮೊದಲಿಗೆ ಇದು ಮೂರೂ ಗಾಯಕವೃಂದಗಳು ಸೇರಿ ಹಾಡುವ 'ಸಂಗೀತ ಕೂಟ'ವಷ್ಟೇ ಆಗಿತ್ತು. 1724ರ ಹೊತ್ತಿಗೆ ಹೆರೆಫರ್ಡ್‌ನ ಥಾಮಸ್ ಬಿಸ್ ಅವರ ಮುತುವರ್ಜಿಯಿಂದ ಅದಕ್ಕೊಂದು ಧರ್ಮಕಾರ್ಯದ ಉದ್ದೇಶ ಸೇರಿತು: ಬಡ ಪಾದ್ರಿಗಳ ವಿಧವೆಯರಿಗೂ ಅನಾಥ ಮಕ್ಕಳಿಗೂ ನೆರವು. ಉತ್ಸವವನ್ನು ಚರ್ಚಿನೊಳಗೆ ಉಳಿಸಿದ್ದು ಬಹುಮಟ್ಟಿಗೆ ಈ ದಾನದ ಪೆಟ್ಟಿಗೆ. 18ನೇ ಶತಮಾನದಲ್ಲಿ ಇಂದಿನ ಅರ್ಥದ ನಿರ್ದೇಶಕನ ಕೆಲಸವೇ ಇನ್ನೂ ರೂಪುಗೊಂಡಿರಲಿಲ್ಲ. ಒಬ್ಬರು ಕೀಲಿಮಣೆಯ ಮುಂದೆ, ಇನ್ನೊಬ್ಬರು ಪಿಟೀಲು ಹಿಡಿದು ಎಲ್ಲರನ್ನೂ ಒಟ್ಟಿಗೆ ಹಿಡಿದಿಡುತ್ತಿದ್ದರು. ಲಂಡನ್ನಿನ ವಿಲಿಯಂ ಬಾಯ್ಸ್‌ರಂಥ ಹೊರಗಿನವರು ಬಂದು ನಡೆಸಿಕೊಟ್ಟದ್ದೂ ಉಂಟು. 1759ರಲ್ಲಿ ಹೆರೆಫರ್ಡ್‌ನಲ್ಲಿ ಹ್ಯಾಂಡೆಲ್‌ನ 'ಮೆಸಾಯ' ಕ್ಯಾಥೆಡ್ರಲ್‌ನ ಒಳಗೇ ನಡೆಯಿತು. ಮುಂದೆ ಎರಡು ಶತಮಾನ ಆ ಕೃತಿಯಿಲ್ಲದ ಉತ್ಸವವನ್ನು ಜನ ಊಹಿಸಿಕೊಳ್ಳುವುದೂ ಕಷ್ಟವಾಯಿತು.

19ನೇ ಶತಮಾನದ ಆರ್ಗನಿಸ್ಟನ ಸ್ಥಿತಿ ಹೇಗಿತ್ತೆಂದು ತಿಳಿಯಲು ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿಯ (1810–1876) ಬದುಕನ್ನು ನೋಡಬೇಕು. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ತಮ್ಮ, ಕೀರ್ತನಕಾರ ಚಾರ್ಲ್ಸ್ ವೆಸ್ಲಿಯ ಮೊಮ್ಮಗ ಈತ. ಮೈಸೂರು ಸೀಮೆಯಲ್ಲಿ ಶಾಲೆ, ಅಚ್ಚುಕೂಟಗಳನ್ನು ನಡೆಸಿದ ವೆಸ್ಲಿಯನ್ ಮಿಷನ್ ಹೊತ್ತದ್ದು ಇದೇ ಮನೆತನದ ಹೆಸರನ್ನು. ಮೊಮ್ಮಗ ಮಾತ್ರ ಮೆಥಡಿಸ್ಟ್ ಸಭೆಯ ಸೇವೆಗೆ ಹೋಗದೆ ಆಂಗ್ಲಿಕನ್ ಕ್ಯಾಥೆಡ್ರಲ್‌ಗಳ ಸಂಬಳಕ್ಕೆ ದುಡಿದ. 1832ರಲ್ಲಿ, ಇನ್ನೂ 22ರ ವಯಸ್ಸಿನಲ್ಲಿ, ಹೆರೆಫರ್ಡ್‌ಗೆ ಆರ್ಗನಿಸ್ಟನಾಗಿ ಬಂದ. ಅಲ್ಲಿ ಗಾಯಕರ ಹಾಜರಿ ಎಷ್ಟು ಅಸ್ತವ್ಯಸ್ತವಾಗಿತ್ತೆಂದರೆ, ಒಂದು ಈಸ್ಟರ್ ದಿನ ಹುಡುಗರ ಜೊತೆಗೆ ಹಾಡಲು ಸಿಕ್ಕ ಗಂಡುದನಿ ಒಂದೇ, ಅದೂ ಕ್ಯಾಥೆಡ್ರಲ್‌ನ ಮುಖ್ಯಸ್ಥರಾದ ಡೀನ್ ಸಾಹೇಬರ ಬಟ್ಲರನದು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಆ ಸಂದರ್ಭಕ್ಕೆಂದು ಬರೆದ ಕೀರ್ತನೆ ಈಗಲೂ ಇಂಗ್ಲಿಷ್ ಕ್ಯಾಥೆಡ್ರಲ್‌ಗಳಲ್ಲಿ ಹಾಡಿಕೆಯಲ್ಲಿದೆ. 1834ರ ಉತ್ಸವವನ್ನು ನಡೆಸಿದ ವೆಸ್ಲಿ ಮರುವರ್ಷ ಡೀನರ ತಂಗಿಯನ್ನೇ ಮದುವೆಯಾಗಿ ಊರು ಬಿಟ್ಟ. ಎಕ್ಸೆಟರ್, ಲೀಡ್ಸ್, ವಿಂಚೆಸ್ಟರ್ ಸುತ್ತಿ 1865ರಲ್ಲಿ ಗ್ಲಾಸ್ಟರ್ ಸೇರಿದ. ಹೋದಲ್ಲೆಲ್ಲ ಆಡಳಿತದೊಂದಿಗೆ ಅವನಿಗೆ ಕಿತ್ತಾಟ. ಕ್ಯಾಥೆಡ್ರಲ್ ಸಂಗೀತದ ದುರವಸ್ಥೆಯ ಬಗ್ಗೆ 1849ರಲ್ಲಿ ಒಂದು ಕಟುವಾದ ಕಿರುಹೊತ್ತಗೆಯನ್ನೇ ಅಚ್ಚು ಹಾಕಿಸಿದ. ಅವನ ಸಿಡುಕು ಸ್ವಭಾವದ ಬಗ್ಗೆ ಬರೆದವರು ಬಹಳ. ಆದರೆ ಆ ಸಿಡುಕಿಗೆ ಕಾರಣವಿತ್ತು. ಡೀನ್ ಮತ್ತು ಅವರ ಧರ್ಮಮಂಡಲಿಯ ಕಣ್ಣಿಗೆ ಆರ್ಗನಿಸ್ಟ್ ಒಬ್ಬ ನೌಕರ, ಅಷ್ಟೇ. ಉತ್ಸವದ ಆ ವಾರ ಮಾತ್ರ ನೌಕರನೇ ಯಜಮಾನನಾಗುತ್ತಿದ್ದ. 1871ರಲ್ಲಿ ಅವನು ಗ್ಲಾಸ್ಟರ್‌ನಲ್ಲಿ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಹಾಡಿಸಿದ್ದು ಆ ಯಜಮಾನಿಕೆಯ ಒಳ್ಳೆಯ ಫಲ.

ನಿಜವಾದ ಯಜಮಾನ ಯಾರೆಂಬುದು 1875ರಲ್ಲಿ ವೂಸ್ಟರ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ದೇವಾಲಯದಲ್ಲಿ ಟಿಕೆಟ್ ಮಾರುವುದು, ವೇದಿಕೆ ಕಟ್ಟಿ ಒಪೆರಾ ಗಾಯಕರನ್ನು ಹಾಡಿಸುವುದು ಸಲ್ಲದೆಂದು ಅಲ್ಲಿನ ಆಡಳಿತ ಪಟ್ಟು ಹಿಡಿಯಿತು. ಆ ವರ್ಷ ವಾದ್ಯವೃಂದವಿಲ್ಲ, ಹೆಸರಾಂತ ಗಾಯಕರಿಲ್ಲ. ಆರ್ಗನ್ ಮತ್ತು ಗಾಯಕವೃಂದಗಳ ಪ್ರಾರ್ಥನೆ ಮಾತ್ರ. ಜನ ಅದನ್ನು 'ಅಣಕು ಉತ್ಸವ' ಎಂದು ಕರೆದರು. ಆಗ ವೂಸ್ಟರ್‌ನ ಆರ್ಗನಿಸ್ಟ್ ಆಗಿದ್ದವರು ವಿಲಿಯಂ ಡನ್. 1844ರಿಂದ 1895ರಲ್ಲಿ ತೀರಿಕೊಳ್ಳುವವರೆಗೆ, ಐದು ದಶಕ, ಒಂದೇ ಪೀಠದಲ್ಲಿ ಕುಳಿತವರು. ವೆಸ್ಲಿಯಂತೆ ಜಗಳಕ್ಕೆ ನಿಲ್ಲುವ ಜಾಯಮಾನ ಅವರದಲ್ಲ. ಮೇಲಿನವರ ಮರ್ಜಿ ಬದಲಾಗುವವರೆಗೆ ಕಾದರು, ಮೂರು ವರ್ಷದ ನಂತರ ಉತ್ಸವ ಹಳೆಯ ರೂಪಕ್ಕೆ ಮರಳಿತು. ಡನ್ ದೊಡ್ಡ ನಿರ್ದೇಶಕರೇನಲ್ಲ. ಆದರೂ 1884ರಲ್ಲಿ, ವೂಸ್ಟರ್ ಕ್ಯಾಥೆಡ್ರಲ್‌ಗೆ ಎಂಟುನೂರು ವರ್ಷ ತುಂಬಿದಾಗ, ದ್ವೋರ್ಝಾಕ್ ಸ್ವತಃ ಬಂದು 'ಸ್ಟಾಬಾಟ್ ಮಾಟೆರ್' ನಡೆಸಿಕೊಟ್ಟದ್ದು ಇವರ ಕಾಲದಲ್ಲೇ. ಅಂದು ಪಿಟೀಲು ವಾದಕರ ಸಾಲಿನಲ್ಲಿ 27 ವರ್ಷದ ಸ್ಥಳೀಯನೊಬ್ಬ ಕುಳಿತಿದ್ದ. ಅದೇ ಊರಿನ ಹೈ ಸ್ಟ್ರೀಟಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದವರ ಮಗ, ಎಡ್ವರ್ಡ್ ಎಲ್ಗಾರ್.

ಎಲ್ಗಾರ್ ಕ್ಯಾಥೊಲಿಕ್. ಹಾಗಾಗಿ ಈ ಮೂರು ಪೀಠಗಳಲ್ಲಿ ಯಾವುದೂ ಅವನಿಗೆ ದಕ್ಕುವಂತಿರಲಿಲ್ಲ. ಆದರೆ 1890ರಿಂದ 1934ರಲ್ಲಿ ಸಾಯುವವರೆಗೂ ಉತ್ಸವದ ನಡುಗಂಬ ಅವನೇ. 1890ರಲ್ಲಿ ಅವನ 'ಫ್ರಾಸಾರ್' ಕೃತಿ ವೂಸ್ಟರ್‌ನಲ್ಲಿ ಮೊದಲ ಸಲ ಕೇಳಿಬಂತು. ಪೀಠವಿಲ್ಲದ ಈ ಸಂಗೀತಗಾರನಿಗೂ ಪೀಠದಲ್ಲಿದ್ದ ಮೂವರಿಗೂ ಬೆಳೆದ ಸ್ನೇಹ ಈ ಚರಿತ್ರೆಯ ಅತಿ ಸ್ವಾರಸ್ಯದ ಭಾಗ. ಹೆರೆಫರ್ಡ್‌ನಲ್ಲಿ ಜಾರ್ಜ್ ರಾಬರ್ಟ್‌ಸನ್ ಸಿಂಕ್ಲೇರ್ (1889ರಿಂದ), ಗ್ಲಾಸ್ಟರ್‌ನಲ್ಲಿ ಹರ್ಬರ್ಟ್ ಬ್ರೂಅರ್, ವೂಸ್ಟರ್‌ನಲ್ಲಿ ಐವರ್ ಅಟ್ಕಿನ್ಸ್ (1897ರಿಂದ) — ಇವರು ಸುಮಾರು ಎರಡು ದಶಕ ಸಮಕಾಲೀನರಾಗಿದ್ದರು.

ಸಿಂಕ್ಲೇರ್‌ಗೆ ಡಾನ್ ಎಂಬ ಬುಲ್‌ಡಾಗ್ ಇತ್ತು. ಒಮ್ಮೆ ಅದು ವೈ ನದಿಯ ದಡದಿಂದ ಜಾರಿ ನೀರಿಗೆ ಬಿತ್ತು, ಪ್ರವಾಹಕ್ಕೆದುರಾಗಿ ಕಾಲು ಬಡಿದು, ಮೇಲೆ ಹತ್ತಿ ಬೊಗಳಿತು. ಎಲ್ಗಾರನ 'ಎನಿಗ್ಮಾ ವೇರಿಯೇಷನ್ಸ್'ನ (1899) ಹನ್ನೊಂದನೆಯ ಭಾಗಕ್ಕೆ ಸಿಂಕ್ಲೇರನ ಹೆಸರಿನ ಮೊದಲಕ್ಷರಗಳಿವೆ, ಒಳಗಿರುವುದು ನಾಯಿ. ದಡಬಡನೆ ಇಳಿಯುವ ತಂತಿವಾದ್ಯಗಳು, ಕೆಳಸ್ಥಾಯಿಯಲ್ಲಿ ಈಜು, ಐದನೆಯ ಮಾತ್ರಾಗಣದಲ್ಲಿ ಬೊಗಳಿಕೆ. ಸಿಂಕ್ಲೇರನ ಮನೆಗೆ ಹೋದಾಗಲೆಲ್ಲ ಎಲ್ಗಾರ್ ಅತಿಥಿಗಳ ಪುಸ್ತಕದಲ್ಲಿ 'ಡಾನ್‌ನ ಮನೋಭಾವ'ಗಳನ್ನು ಸ್ವರಗಳಲ್ಲಿ ಗೀಚಿಡುತ್ತಿದ್ದ. ಆ ಗೀಚುಗಳಲ್ಲಿ ಒಂದು ಮುಂದೆ ಅವನ 'ದಿ ಡ್ರೀಮ್ ಆಫ್ ಜೆರಾಂಟಿಯಸ್' ಗಾಯನಕೃತಿಯಲ್ಲಿ ಪ್ರಾರ್ಥನೆಯ ಸ್ವರವಾಗಿ ಬಂತು. ಸಾಯುತ್ತಿರುವ ಭಕ್ತನ ಮೊರೆಗೆ ನಾಯಿಯೊಂದರ ಮುನಿಸು ಮೂಲವೆಂದರೆ ಪಂಡಿತರಿಗೆ ಇರಿಸುಮುರಿಸು. ಈ ಮೂರು ಊರುಗಳ ಸಂಗೀತದ ಒಳಬದುಕನ್ನು ಇಷ್ಟು ಚೆನ್ನಾಗಿ ತೋರಿಸುವ ದಾಖಲೆ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ. ಎಲ್ಗಾರನ 'ಪಾಂಪ್ ಆಂಡ್ ಸರ್ಕಮ್‌ಸ್ಟನ್ಸ್' ಮಾಲಿಕೆಯ ಮೂರನೆಯ ಮಾರ್ಚ್ ಅಟ್ಕಿನ್ಸ್‌ಗೆ, ನಾಲ್ಕನೆಯದು ಸಿಂಕ್ಲೇರ್‌ಗೆ, ಐದನೆಯದು ಸಿಂಕ್ಲೇರನ ನಂತರ ಬಂದ ಪರ್ಸಿ ಹಲ್‌ಗೆ ಅರ್ಪಿತ.

1902ರಲ್ಲಿ 'ಜೆರಾಂಟಿಯಸ್' ವೂಸ್ಟರ್‌ಗೆ ಬಂದಾಗ ಕ್ಯಾಥೊಲಿಕ್ ನಂಬಿಕೆಯ ಸಾಲುಗಳು ಆಂಗ್ಲಿಕನ್ ಆಡಳಿತಕ್ಕೆ ನುಂಗಲಾರದ ತುತ್ತಾದವು. ಮೇರಿಯ, ಸಂತರ, ಶುದ್ಧೀಕರಣ ಲೋಕದ ಉಲ್ಲೇಖಗಳನ್ನು ತೆಗೆದೇ ಹಾಡಿಸಬೇಕಾಯಿತು. ಬ್ಯಾಟನ್ ಹಿಡಿದದ್ದು ಎಲ್ಗಾರ್. ಆಗಷ್ಟೇ ತಾಯಿಯನ್ನು ಕಳೆದುಕೊಂಡಿದ್ದ. ಹೊಸ ಕೃತಿಯನ್ನು ಹೀಗೆ ಒಳಗೆ ಬಿಡಿಸಿಕೊಳ್ಳುವ ವ್ಯವಹಾರ ಚತುರತೆ ಊರಿನ ಆರ್ಗನಿಸ್ಟನಿಗಲ್ಲದೆ ಹೊರಗಿನ ದೊಡ್ಡ ನಿರ್ದೇಶಕನಿಗೆ ಸಾಧ್ಯವಾಗುತ್ತಿರಲಿಲ್ಲ.

ಈ ಆರ್ಗನಿಸ್ಟರು ತಯಾರಾದ ಬಗೆಯೂ ಒಂದೇ ಅಚ್ಚಿನದು. ಹುಡುಗನಾಗಿ ಗಾಯಕವೃಂದ, ದನಿ ಒಡೆದ ಮೇಲೆ ಆರ್ಗನಿಸ್ಟನ ಕೈಕೆಳಗೆ ಕರಾರಿನ ಶಿಷ್ಯ, ಬಳಿಕ ಸಹಾಯಕ. ನಮ್ಮ ಗುರುಕುಲವನ್ನು ಇದು ನೆನಪಿಸುತ್ತದಾದರೂ ಇಲ್ಲಿ ಶುಲ್ಕವನ್ನೂ ವರ್ಷಗಳನ್ನೂ ಕಾಗದದ ಮೇಲೆ ಬರೆದು ಸಹಿ ಹಾಕುತ್ತಿದ್ದರು. ಸಿಂಕ್ಲೇರ್ ಗ್ಲಾಸ್ಟರ್‌ನಲ್ಲಿ ಸಹಾಯಕನಾಗಿದ್ದ. ಅಟ್ಕಿನ್ಸ್ ಸಿಂಕ್ಲೇರನ ಸಹಾಯಕನಾಗಿದ್ದ. ಬ್ರೂಅರ್ ಗ್ಲಾಸ್ಟರ್‌ನಲ್ಲೇ ಹುಟ್ಟಿ ಅಲ್ಲೇ ಹಾಡಿದ ಹುಡುಗ. ಹಲ್ ಹೆರೆಫರ್ಡ್‌ನ ಬಾಲಗಾಯಕ, ಸಿಂಕ್ಲೇರನ ಶಿಷ್ಯ. 1914ರಲ್ಲಿ ಜರ್ಮನಿಗೆ ರಜೆಗೆ ಹೋಗಿದ್ದಾಗ ಯುದ್ಧ ಶುರುವಾಗಿ, ಬರ್ಲಿನ್ ಬಳಿಯ ರೂಲೆಬೆನ್ ಶಿಬಿರದಲ್ಲಿ ಸೆರೆಯಾದ. ಅತ್ತ ಗುರು 1917ರಲ್ಲಿ ತೀರಿಕೊಂಡ. 1918ರಲ್ಲಿ ಬಿಡುಗಡೆಯಾಗಿ ಬಂದ ಶಿಷ್ಯನಿಗೆ ಗುರುವಿನ ಪೀಠ ಸಿಕ್ಕಿತು.

ಈ ಅಚ್ಚಿನ ಮಿತಿಗಳೂ ಸ್ಪಷ್ಟ. ಮೂರೂ ಊರಿನ ಹವ್ಯಾಸಿ ಗಾಯಕರು ತಂತಮ್ಮ ಆರ್ಗನಿಸ್ಟರ ಬಳಿ ತಿಂಗಳುಗಟ್ಟಲೆ ಬೇರೆ ಬೇರೆಯಾಗಿ ಅಭ್ಯಾಸ ಮಾಡಿ ಕೊನೆಗೆ ಒಂದೆಡೆ ಸೇರುತ್ತಿದ್ದರು. ವಾದ್ಯವೃಂದದೊಂದಿಗೆ ಪೂರ್ಣ ತಾಲೀಮಿಗೆ ಸಿಗುತ್ತಿದ್ದ ಸಮಯ ತೀರಾ ಕಡಿಮೆ. ಬೆಳಗಿನಿಂದ ರಾತ್ರಿವರೆಗೂ ಎಲ್ಲ ಕೃತಿಗಳನ್ನು ಒಂದರ ಹಿಂದೆ ಒಂದರಂತೆ ಓಡಿಸುತ್ತಿದ್ದ ಆ ದಿನಕ್ಕೆ 'ಕಪ್ಪು ಸೋಮವಾರ' ಎಂಬ ಅಡ್ಡಹೆಸರು. ಕೈಕಾಲು ಎರಡರಿಂದಲೂ ವಾದ್ಯ ನುಡಿಸಿ ಪಳಗಿದವನಿಗೆ ಬರಿಗೈ ಸನ್ನೆಯಿಂದ ಐವತ್ತು ಅರವತ್ತು ವಾದಕರನ್ನು ಹಿಡಿತಕ್ಕೆ ತರುವ ಕಲೆ ತಾನಾಗಿ ಬರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ: ತನ್ನ ಕಟ್ಟಡದ ಕಲ್ಲಿನ ಕಮಾನುಗಳಲ್ಲಿ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ವೇಗದಲ್ಲಿ ಹಾಡಿಸಿದರೆ ಪದ ಕಲಸಿಹೋಗುತ್ತದೆ ಎಂಬುದು ಅವನಿಗೆ ಕಿವಿಪಾಠ.

ಅಭಿರುಚಿಯ ಮಾತೇ ಬೇರೆ. 1910ರ ಸೆಪ್ಟೆಂಬರ್ 6ರಂದು ಗ್ಲಾಸ್ಟರ್‌ನಲ್ಲಿ ಸಂಯೋಜಕ ವಾನ್ ವಿಲಿಯಮ್ಸ್ ತನ್ನ 'ಟಾಲಿಸ್ ಫ್ಯಾಂಟೇಸಿಯಾ'ವನ್ನು ತಾನೇ ನಡೆಸಿದ. ತಂತಿವಾದ್ಯಗಳ ಎರಡು ಗುಂಪು, ಜೊತೆಗೊಂದು ಚತುಷ್ಟಯ — ಕಟ್ಟಡದ ಗುಂಜನವನ್ನೇ ವಾದ್ಯವಾಗಿಸಿಕೊಂಡ ರಚನೆ. ಆತಿಥೇಯ ಬ್ರೂಅರ್‌ಗೆ ಅದು ಅಷ್ಟೇನೂ ಹಿಡಿಸಲಿಲ್ಲವೆಂದು ಅವನ ಶಿಷ್ಯ ಹರ್ಬರ್ಟ್ ಹೌವೆಲ್ಸ್ ಮುಂದೆ ನೆನೆದಿದ್ದಾನೆ. ಹೌವೆಲ್ಸ್ ಮತ್ತು ಜೊತೆಗಿದ್ದ ಐವರ್ ಗರ್ನಿ ಇಬ್ಬರಿಗೂ ಅಂದಿನ ಸಂಜೆ ಬದುಕಿನ ದಾರಿಯನ್ನೇ ತಿರುಗಿಸಿತು. ಆದರೂ ಬ್ರೂಅರ್ ಸಂಕುಚಿತನೆನ್ನಲಾಗದು. 1898ರಲ್ಲಿ ಎಲ್ಗಾರನ ಶಿಫಾರಸಿನ ಮೇಲೆ, ಸಿಯೆರಾ ಲಿಯೋನ್ ಮೂಲದ ತಂದೆಯ ಮಗ ಸ್ಯಾಮ್ಯುಯೆಲ್ ಕೋಲ್ರಿಜ್-ಟೇಲರ್‌ಗೆ ಗ್ಲಾಸ್ಟರ್ ಅವಕಾಶ ಕೊಟ್ಟಿತು. 1913ರಲ್ಲಿ ಸಿಬೆಲಿಯುಸ್‌ನ 'ಲುವೊನ್ನೊತಾರ್' ಲೋಕಕ್ಕೆ ಮೊದಲು ಕೇಳಿಸಿದ್ದೂ ಅಲ್ಲೇ.

ಎರಡು ಮಹಾಯುದ್ಧಗಳ ಕಾಲದಲ್ಲಿ ಉತ್ಸವ ನಿಂತಿತು. 1920ರಲ್ಲಿ ಅದನ್ನು ಮತ್ತೆ ಎಬ್ಬಿಸಿದ್ದು ವೂಸ್ಟರ್‌ನ ಅಟ್ಕಿನ್ಸ್. 1946ರಲ್ಲಿ ಹೆರೆಫರ್ಡ್‌ನ ಹಲ್. ಇಬ್ಬರಿಗೂ ಮರುವರ್ಷವೇ ನೈಟ್ ಪದವಿ ಬಂತು. ಗ್ಲಾಸ್ಟರ್‌ನಲ್ಲಿ 1928ರಲ್ಲಿ ಬ್ರೂಅರ್ ಹಠಾತ್ತನೆ ತೀರಿಕೊಂಡಾಗ ಅವನ ಹಳೆಯ ಶಿಷ್ಯ ಹರ್ಬರ್ಟ್ ಸಂಶನ್ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ. ಅಲ್ಲಿಂದ ಬಂದವನೇ ಅದೇ ವರ್ಷದ ಉತ್ಸವವನ್ನು ಹೊತ್ತುಕೊಂಡು, 1967ರವರೆಗೆ ಉಳಿದ. 1950ರಲ್ಲಿ ಫಿನ್ಜಿಯ 'ಇಂಟಿಮೇಷನ್ಸ್ ಆಫ್ ಇಮ್ಮಾರ್ಟಾಲಿಟಿ'ಯ ಮೊದಲ ಪ್ರದರ್ಶನ ನಡೆಸಿದವನು ಇವನೇ. ಅದೇ ವಾರ ಹೌವೆಲ್ಸ್, 1935ರಲ್ಲಿ ತೀರಿಕೊಂಡ ಮಗನ ನೆನಪಿನ 'ಹಿಮ್ನಸ್ ಪ್ಯಾರಡೈಸಿ'ಯನ್ನು ಕೊನೆಗೂ ಹೊರತಂದು ತಾನೇ ನಡೆಸಿದ.

1950ರ ನಂತರ ವೃತ್ತಿಯ ಆಕಾರ ಬದಲಾಯಿತು. ಅಟ್ಕಿನ್ಸ್ ಆ ವರ್ಷ ಬಿಟ್ಟುಕೊಟ್ಟ ಪೀಠಕ್ಕೆ ಬಂದ ಡೇವಿಡ್ ವಿಲ್‌ಕಾಕ್ಸ್ ಏಳೇ ವರ್ಷಕ್ಕೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಹೋದರು. ಅವರ ನಂತರದ ಡಗ್ಲಸ್ ಗೆಸ್ಟ್ 1963ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ, ಕ್ರಿಸ್ಟೋಫರ್ ರಾಬಿನ್‌ಸನ್ 1974ರಲ್ಲಿ ವಿಂಡ್ಸರ್‌ಗೆ. ಹೆರೆಫರ್ಡ್ ಬಿಟ್ಟ ಮೆರೆಡಿತ್ ಡೇವಿಸ್ 1962ರಲ್ಲಿ ಕಾವೆಂಟ್ರಿಯಲ್ಲಿ ಬ್ರಿಟನ್‌ನ 'ವಾರ್ ರಿಕ್ವಿಯಂ' ಮೊದಲ ಪ್ರದರ್ಶನದ ಮುಖ್ಯ ವಾದ್ಯವೃಂದವನ್ನು ನಡೆಸಿದರು. ಗ್ಲಾಸ್ಟರ್‌ನಲ್ಲಿ 2007ರವರೆಗೆ ಇದ್ದ ಆಂಡ್ರೂ ನೇತಸಿಂಘ, 2023ರಲ್ಲಿ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕದ ಸಂಗೀತದ ಹೊಣೆ ಹೊತ್ತರು. ಪೀಠ ಹೀಗೆ ಮೆಟ್ಟಿಲಾಯಿತು. ಆದರೆ ಎಲ್ಲರಿಗೂ ಅಲ್ಲ: ಗ್ಲಾಸ್ಟರ್‌ನ ಜಾನ್ ಸ್ಯಾಂಡರ್ಸ್, ಹೆರೆಫರ್ಡ್‌ನ ರಾಯ್ ಮ್ಯಾಸಿ ತಲಾ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಿಂತವರು. 1975ರಲ್ಲಿ ವೂಸ್ಟರ್‌ಗೆ ಬಂದು ಎರಡು ದಶಕ ಉಳಿದ ಡೊನಾಲ್ಡ್ ಹಂಟ್, ಸಂಶನ್‌ನ ಶಿಷ್ಯ. ಬ್ರೂಅರ್‌ನ ಸಾಲು ಅಲ್ಲಿಯವರೆಗೂ ಕಡಿಯಲಿಲ್ಲ. ಈ ಸಾಲಿನ ಇನ್ನೊಂದು ಮುಖವನ್ನೂ ಹೇಳಬೇಕು. ಉತ್ಸವದ ದೊಡ್ಡ ಗಾಯಕವೃಂದದಲ್ಲಿ ಹೆಂಗಸರು ಬಹುಕಾಲದಿಂದ ಇದ್ದಾರೆ. ಪೀಠಕ್ಕೆ ಹೋಗುವ ದಾರಿ ಮಾತ್ರ ಹುಡುಗರ ಗಾಯಕವೃಂದದಿಂದ ಶುರುವಾಗುತ್ತಿದ್ದರಿಂದ, 20ನೇ ಶತಮಾನ ಮುಗಿಯುವವರೆಗೂ ಮೂರರಲ್ಲಿ ಒಂದಕ್ಕೂ ಹೆಣ್ಣೊಬ್ಬಳಿಗೆ ಬರಲಾಗಲಿಲ್ಲ.

2012ರಿಂದ ಫಿಲ್‌ಹಾರ್ಮೋನಿಯಾ ಉತ್ಸವದ ನಿವಾಸಿ ವಾದ್ಯವೃಂದ. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಈ ಸಂಸ್ಥೆಗೆ ಅದರ ಎಳವೆಯಲ್ಲಿ ಹಣದ ಆಸರೆ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಒಂದೇ ವೃಂದ ವರ್ಷ ವರ್ಷ ಬರುವುದರಿಂದ ಆರ್ಗನಿಸ್ಟ್-ನಿರ್ದೇಶಕನ ಕೆಲಸ ಹಗುರವಾಗಿದೆ: ಕಮಾನುಗಳ ಗುಂಜನಕ್ಕೆ ವಾದಕರ ಕಿವಿಯೂ ಈಗ ಹೊಂದಿಕೊಂಡಿದೆ. ಕಚೇರಿಯ ವ್ಯವಹಾರ, ಹಣಕಾಸು ಬೇರೆಯವರ ಪಾಲಿಗೆ ಹೋಗಿವೆ. ಸರದಿಯ ನಿಯಮ ಮಾತ್ರ ಹಾಗೇ ಇದೆ. 2020ರ ವೂಸ್ಟರ್ ಉತ್ಸವವನ್ನು ಕೋವಿಡ್ ಮುಂದೂಡಿತು. ಬ್ಲ್ಯಾಕ್‌ಬರ್ನ್ ಕ್ಯಾಥೆಡ್ರಲ್‌ನಿಂದ 2019ರಲ್ಲಿ ಬಂದಿದ್ದ ಸ್ಯಾಮ್ಯುಯೆಲ್ ಹಡ್ಸನ್ ತಮ್ಮ ಮೊದಲ ಸರದಿಗಾಗಿ 2021ರವರೆಗೆ ಕಾಯಬೇಕಾಯಿತು, ಅವರ ನಂತರ ಸರದಿಯಿದ್ದ ಊರುಗಳವರ ಲೆಕ್ಕವೂ ಒಂದು ವರ್ಷ ಮುಂದಕ್ಕೆ ಸರಿಯಿತು.